ಕ್ಯಾನ್ಸರಿನ ನೋವು ಮತ್ತು ಮಿದುಳಿನ ಹೆಣಿಗೆ

ಕ್ಯಾನ್ಸರ್ ಸೊಂಟದ ಮೂಳೆಗೆ ಹಬ್ಬಿದ್ದ ದಿನಗಳಲ್ಲಿ ನನ್ನ ಚಿಕ್ಕಮ್ಮ ಒಮ್ಮೆ, "ನೋವು ಇರುವುದು ಸೊಂಟದಲ್ಲಿ, ಓದಿದ ಸಾಲು ತಲೆಯಲ್ಲಿ ಏಕೆ ನಿಲ್ಲುವುದಿಲ್ಲ?" ಎಂದು ಕೇಳಿದ್ದರು. ಮಾರ್ಫಿನ್ ಮಾತ್ರೆಯ ಮಂಪರು ಇರಬೇಕು ಎಂದು ಹೇಳಿ ಸುಮ್ಮನಾಗಿದ್ದೆ. ಆ ಉತ್ತರ ಅರೆಬರೆಯದು ಎಂಬುದು ಈ ವಿಷಯವನ್ನು ಓದುತ್ತ ಹೋದಂತೆ ನನಗೆ ತಿಳಿಯಿತು.

ರೋಗ ಮೂಳೆಗೆ ಹಬ್ಬಿದಾಗ ಮೂಳೆಯನ್ನು ಕರಗಿಸುವ ಜೀವಕೋಶಗಳು ಚುರುಕಾಗುತ್ತವೆ ಮತ್ತು ಅವು ಸ್ರವಿಸುವ ಆಮ್ಲ ಅಲ್ಲಿನ ನರತುದಿಗಳನ್ನು ಕೆಣಕುತ್ತದೆ. ಗಡ್ಡೆ ನರವನ್ನು ಒತ್ತುವುದೂ ಉಂಟು. ಪ್ಯಾಕ್ಲಿಟ್ಯಾಕ್ಸೆಲ್, ಆಕ್ಸಾಲಿಪ್ಲಾಟಿನ್‌ನಂತಹ ಕೀಮೋಥೆರಪಿ ಔಷಧಗಳೇ ಕೈಕಾಲಿನ ನರಗಳಿಗೆ ಹಾನಿ ಮಾಡುವುದೂ ಉಂಟು. ಈ ಸಂಕೇತಗಳು ತಿಂಗಳುಗಟ್ಟಲೆ ನಿಲ್ಲದೆ ಬಂದರೆ ಬೆನ್ನುಹುರಿಯ ನರಕೋಶಗಳು ಅತಿಸೂಕ್ಷ್ಮವಾಗಿ, ಹಗುರವಾದ ಸ್ಪರ್ಶವನ್ನೂ ನೋವೆಂದೇ ಮೇಲಕ್ಕೆ ದಾಟಿಸತೊಡಗುತ್ತವೆ.

ಮೇಲೆ, ಮಿದುಳಿನಲ್ಲಿ, ನೋವಿಗೆಂದೇ ಮೀಸಲಾದ ಒಂದು ಕೇಂದ್ರವಿಲ್ಲ. ಹಲವು ಭಾಗಗಳು ಒಟ್ಟಾಗಿ ಆ ಅನುಭವವನ್ನು ಕಟ್ಟುತ್ತವೆ. ಸುಮ್ಮನೆ ಮಲಗಿರುವಾಗಲೂ ದೂರದೂರದ ಭಾಗಗಳ ಚಟುವಟಿಕೆ ಒಂದೇ ಲಯದಲ್ಲಿ ಏರಿಳಿಯುತ್ತದೆಂದು 1995ರಲ್ಲಿ ಸಂಶೋಧಕ ಭರತ್ ಬಿಸ್ವಾಲ್ ಮತ್ತು ಸಂಗಡಿಗರು ಎಫ್‌ಎಂಆರ್‌ಐ ಎಂಬ, ಮಿದುಳಿನ ಚಟುವಟಿಕೆಯನ್ನು ಗುರುತಿಸುವ ಸ್ಕ್ಯಾನ್ ಮೂಲಕ ತೋರಿಸಿದರು. ಈ ಜೊತೆಲಯವನ್ನೇ ಕ್ರಿಯಾತ್ಮಕ ಸಂಪರ್ಕ ಎನ್ನುತ್ತಾರೆ. (ಸಂಪರ್ಕವೆಂದ ಕೂಡಲೇ ತಂತಿಯೊಂದು ಕಣ್ಣ ಮುಂದೆ ಬರುತ್ತದೆ, ಇಲ್ಲಿ ಅಳೆಯುವುದು ತಂತಿಯನ್ನಲ್ಲ, ತಾಳವನ್ನು.) ನಮ್ಮ ಬಗ್ಗೆ ನಾವೇ ಯೋಚಿಸುವಾಗ, ನೆನಪುಗಳಲ್ಲಿ ಅಲೆಯುವಾಗ ಎಚ್ಚರಗೊಳ್ಳುವ ಜಾಲಕ್ಕೆ, ಅಂದರೆ ಹೀಗೆ ಒಂದೇ ಲಯದಲ್ಲಿ ಏರಿಳಿಯುವ ಭಾಗಗಳ ಗುಂಪಿಗೆ, ಡೀಫಾಲ್ಟ್ ಮೋಡ್ ಎಂದು ಹೆಸರು. ಯಾವುದಕ್ಕೆ ತಕ್ಷಣ ಗಮನ ಕೊಡಬೇಕೆಂದು ಆರಿಸುವ ಇನ್ನೊಂದು ಜಾಲದಲ್ಲಿ ಇನ್ಸುಲಾ ಎಂಬ ಭಾಗ ಮುಖ್ಯವಾದುದು. ದೀರ್ಘಕಾಲದ ನೋವಿನ ಅನೇಕ ಅಧ್ಯಯನಗಳಲ್ಲಿ ಇವೆರಡರ ನಡುವಿನ ಸಂಬಂಧ ಬದಲಾಗಿರುವುದು, ಇನ್ಸುಲಾ ಡೀಫಾಲ್ಟ್ ಜಾಲದೊಂದಿಗೆ ಹೆಚ್ಚು ಬಿಗಿಯಾಗಿ ಹೆಣೆದುಕೊಂಡಿರುವುದು ಕಂಡುಬಂದಿದೆ. ನೋವು ಹೊರಗಿನಿಂದ ಬಂದು ಹೋಗುವ ಸುದ್ದಿಯಾಗಿ ಉಳಿಯದೆ "ನಾನು" ಎಂಬ ಯೋಚನೆಯೊಳಗೇ ಮನೆ ಮಾಡುತ್ತದೆ ಎಂದು ನಾನು ಇದನ್ನು ಅರ್ಥಮಾಡಿಕೊಂಡಿದ್ದೇನೆ. ಅಂಥ ಮನಸ್ಸಿನಲ್ಲಿ ಪುಸ್ತಕದ ಸಾಲಿಗೆ ಜಾಗ ಕಡಿಮೆ.

ಆದರೆ ಈ ತಿಳಿವಳಿಕೆಯ ಬಹುಪಾಲು ಬೆನ್ನುನೋವಿನಂತಹ ತೊಂದರೆಗಳಿಂದ ಬಂದದ್ದು. ಅಂಥ ನೋವು ಎಷ್ಟೋ ಸಲ ಮೂಲ ಗಾಯ ಮಾಗಿದ ಮೇಲೂ ಉಳಿಯುತ್ತದೆ. ಕ್ಯಾನ್ಸರಿನಲ್ಲಿ ಗಾಯವೇ ಬೆಳೆಯುತ್ತಿರಬಹುದು. ಅಲ್ಲದೆ ಮಾರ್ಫಿನ್, ಕೀಮೋಥೆರಪಿ, ನಿದ್ರೆಗೇಡು, ಸಾವಿನ ಭಯ ಎಲ್ಲವೂ ಇದೇ ಜಾಲಗಳನ್ನು ಅಲುಗಿಸಬಲ್ಲವು. ಆದ್ದರಿಂದ ರೋಗಿಯ ಸ್ಕ್ಯಾನ್‌ನಲ್ಲಿ ಕಂಡ ಬದಲಾವಣೆಯನ್ನು ಪೂರ್ತಿಯಾಗಿ ನೋವಿನ ಲೆಕ್ಕಕ್ಕೆ ಬರೆಯುವಂತಿಲ್ಲ.

ನನಗೆ ಹೆಚ್ಚು ಅಂಜಿಕೆ ಹುಟ್ಟಿಸುವುದು ಇದರ ದುರ್ಬಳಕೆ. ಮಿದುಳು ಬದಲಾಗಿದೆ ಎಂಬ ಮಾತು ಬಾಯಿಂದ ಬಾಯಿಗೆ ಸಾಗುತ್ತ "ಎಲ್ಲ ಮನಸ್ಸಿನ ಭ್ರಮೆ" ಎಂದಾಗಲು ತಡವಾಗುವುದಿಲ್ಲ. ಸ್ಕ್ಯಾನ್ ನೋವನ್ನು ಅಳೆಯುವ ಮಾಪಕವಲ್ಲ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ಪರಿಷ್ಕರಿಸಿದಾಗಲೂ, ನೋವಾಗುತ್ತಿದೆ ಎಂದು ಹೇಳುವವರ ಮಾತನ್ನು ಗೌರವಿಸಬೇಕೆಂದೇ ಸೇರಿಸಿತು. ಮಿದುಳಿನ ಹೆಣಿಗೆಯ ಬಗ್ಗೆ ಎಷ್ಟೇ ತಿಳಿದರೂ ಮೂಳೆಯಲ್ಲಿರುವ ಗಡ್ಡೆಗೆ ಚಿಕಿತ್ಸೆ ನೀಡುವ ಕೆಲಸ ತಪ್ಪುವುದಿಲ್ಲ.

ಸೊಂಟಕ್ಕೆ ವಿಕಿರಣ ಚಿಕಿತ್ಸೆಯಾದ ಕೆಲವು ವಾರಗಳ ಮೇಲೆ ಚಿಕ್ಕಮ್ಮ ಮತ್ತೆ ಪುಸ್ತಕ ಹಿಡಿದರು, ದಿನಕ್ಕೆ ನಾಲ್ಕೈದು ಪುಟ. ಮಾರ್ಫಿನ್‌ನ ಪ್ರಮಾಣವನ್ನು ವೈದ್ಯರು ಆಗಿನ್ನೂ ಇಳಿಸಿರಲಿಲ್ಲ.