ಡ್ರಾಪ್‌ಶಿಪ್ಪಿನಲ್ಲಿ ಪೆಟ್ರೋಲ್ ಲೆಕ್ಕ

13 ಸೆಪ್ಟೆಂಬರ್ 2025, ಶನಿವಾರ
ಮೈಸೂರು

ನಿನ್ನೆ ಆನ್‌ಲೈನ್ ಆಟ ಮುಗಿಸಿ ಹೆಡ್‌ಸೆಟ್ ಕಳಚಿಟ್ಟಾಗ ರಾತ್ರಿ ಹನ್ನೆರಡೂವರೆ. ಆಮೇಲೂ ಎಷ್ಟೋ ಹೊತ್ತು ನಿದ್ದೆ ಹತ್ತಲಿಲ್ಲ. ಜೊತೆಗೆ ಆಡುವ ಗೌಡ್ರು ಪೆಟ್ರೋಲ್ ಖರ್ಚಿನ ಬಗ್ಗೆ ಆಡಿದ ಮಾತು ತಲೆ ಕೊರೆಯುತ್ತಲೇ ಇತ್ತು. ಬೆಳಿಗ್ಗೆ ಎದ್ದು ಹಾಲು, ತಿಂಡಿ ಅಂತ ಓಡಾಡುವಾಗ ಮರೆತಿದ್ದೆ. ತರಕಾರಿಗೆ ಹೋದೆ ನೋಡಿ, ದಸರಾ ಆನೆಗಳು ಬನ್ನಿಮಂಟಪದ ಕಡೆ ತಾಲೀಮಿಗೆ ಹೊರಟಿದ್ದವು. ಸಯ್ಯಾಜಿರಾವ್ ರಸ್ತೆಯಲ್ಲಿ ಗಾಡಿಗಳೆಲ್ಲ ನಿಂತುಬಿಟ್ಟವು. ನನ್ನ ಪಕ್ಕದ ಕಾರಿನವರು ಮೊದಲು ಫೋಟೋ ತೆಗೆದರು, ಆಮೇಲೆ ಎಂಜಿನ್ ಆಫ್ ಮಾಡಿದರು. ಅಷ್ಟೇ ಸಾಕಾಯಿತು, ಗೌಡ್ರು ಮತ್ತೆ ನೆನಪಾದರು.

ನಮ್ಮ ಶುಕ್ರವಾರದ ಗುಂಪಿಗೆ ಈಗ ನೆಲದ ಯುದ್ಧದ ಹುಚ್ಚು. ಹತ್ತಿಸಿದ್ದು ಮರಿ ಅಂತ ನಾವು ಕರೆಯೋ ಹುಡುಗ. ನಾವು ಆಡೋ ಬಾಹ್ಯಾಕಾಶದ ಆಟ ಎಲೀಟ್ ಡೇಂಜರಸ್ ಅಂದರೆ ನನಗೆ ಹಡಗು, ನಿಲ್ದಾಣ, ಸರಕು ಸಾಗಾಟ ಅಷ್ಟೇ ಆಗಿತ್ತು. 2021ರ ಮೇ ತಿಂಗಳಲ್ಲಿ ಒಡಿಸ್ಸಿ ಅನ್ನೋ ಅದರ ಹೊಸ ಭಾಗ ಬಂದ ಮೇಲೆ ಹಡಗಿನಿಂದ ಇಳಿದು ಕಾಲಲ್ಲಿ ಓಡಾಡಬಹುದು, ಬಂದೂಕು ಹಿಡಿದು ಕಾದಾಡಬಹುದು. ಬಂದ ಹೊಸದರಲ್ಲಿ ಅದರ ಸ್ಥಿತಿ ಹೇಗಿತ್ತು ಅಂದರೆ, ಆಟ ಹುಟ್ಟುಹಾಕಿದ ಡೇವಿಡ್ ಬ್ರಾಬೆನ್ ಅವರೇ ಆಟಗಾರರ ಕ್ಷಮೆ ಕೇಳಬೇಕಾಯಿತು. ಈಗ ಪರವಾಗಿಲ್ಲ. ಆದರೆ ನಮ್ಮ ಗುಂಪಿನ ಭಟ್ರ ಸಿಟ್ಟು ಇನ್ನೂ ಇಳಿದಿಲ್ಲ.

"ನಲವತ್ತು ಸಾವಿರ ಕೋಟಿ ನಕ್ಷತ್ರ ಕೊಟ್ಟಿದಾರೆ ಮಾರಾಯ್ರೆ. ಅದನ್ನ ಬಿಟ್ಟು ಯಾವ್ದೋ ಬೋಳುಗುಡ್ಡದ ಮೇಲೆ ಇಳ್ದು ಗುಂಡು ಹೊಡ್ಕೊಂಡು ಸಾಯೋದು ಎಂತಕ್ಕೆ?" ಪ್ರತಿ ವಾರ ಇದೇ ಪಲ್ಲವಿ. ಹೇಳುತ್ತಾ ಹೇಳುತ್ತಲೇ ಬರುತ್ತಾರೆ, ಬಂದು ಎಲ್ಲರಿಗಿಂತ ಮೊದಲು ಸಾಯುತ್ತಾರೆ.

ಸಾಯೋದಕ್ಕೆ ಕಾರಣವೂ ಇದೆ. ಆಟದಲ್ಲಿ ನಮ್ಮ ಸೂಟಿಗೆ ಗುಂಡು ತಡೆಯೋ ಶೀಲ್ಡ್ ಇದೆ, ಅದು ತಾನಾಗಿ ಆನ್ ಆಗುವುದಿಲ್ಲ, ನಾವೇ ಹಾಕಬೇಕು. ಹಾಕಿಟ್ಟರೆ ಬ್ಯಾಟರಿ ಬೇಗ ಕರಗುತ್ತೆ. ಅದಕ್ಕೇ ಭಟ್ರು ಉಳಿತಾಯ ಮಾಡುತ್ತಾರೆ. ತೋಟದ ಮನೆಯಲ್ಲಿ ಲೈಟ್ ಆರಿಸಿ ಆರಿಸಿ ಅಭ್ಯಾಸ, ಇಲ್ಲೂ ಬಿಡಲ್ಲ. ಎದುರಿನವರು ಹೊಡೆಯಲು ಶುರು ಮಾಡಿದ ಮೇಲೆ ಬಟನ್ ಹುಡುಕುತ್ತಾರೆ. "ಭಟ್ರೇ ಶೀಲ್ಡ್! ಶೀಲ್ಡ್ ಹಾಕ್ರಿ!" ಅಂತ ಮರಿ ದಾವಣಗೆರೆಯಿಂದ ಕೂಗುವಷ್ಟರಲ್ಲಿ ಕಥೆ ಮುಗಿದಿರುತ್ತೆ.

ಗುಂಡು ಹೊಡೆಯೋದರಲ್ಲೂ ಒಂದು ತಾಳ ಇದೆ. ಲೇಸರ್ ಬಂದೂಕು ಶೀಲ್ಡನ್ನು ಚೆನ್ನಾಗಿ ಇಳಿಸುತ್ತೆ, ಶೀಲ್ಡ್ ಹೋದ ಮೇಲೆ ಸೂಟಿಗೆ ಅದು ಅಷ್ಟಕ್ಕಷ್ಟೇ. ಅಲ್ಲಿಗೆ ಮಾಮೂಲಿ ಗುಂಡಿನ ಬಂದೂಕೇ ಬೇಕು. ಹಾಗಾಗಿ ಡಾಮಿನೇಟರ್ ಸೂಟ್ ಹಾಕಿಕೊಂಡು, ಒಂದು ಭುಜಕ್ಕೆ ಲೇಸರಿನ ಟಿಕೆ ಅಫೀಲಿಯನ್, ಇನ್ನೊಂದಕ್ಕೆ ಗುಂಡಿನ ಕರ್ಮ ಎಆರ್-50. ಲೇಸರ್, ಬದಲಿಸು, ಗುಂಡು. ಮತ್ತೆ ಲೇಸರ್, ಬದಲಿಸು, ಗುಂಡು. ಪ್ಲಾಸ್ಮಾ ಬಂದೂಕು ಇಟ್ಟುಕೊಂಡರೆ ಬದಲಿಸೋ ತಾಪತ್ರಯ ಇಲ್ಲ, ಆದರೆ ಅದರ ಉಂಡೆ ನಿಧಾನ. ವೈರಿ ಎಲ್ಲಿ ಹೋಗ್ತಾನೆ ಅಂತ ಊಹಿಸಿ ಮುಂದಕ್ಕೆ ಹೊಡೀಬೇಕು. ಮರಿಗೆ ಅದೇ ಇಷ್ಟ. ಅವನ ವಯಸ್ಸಿಗೆ ಕಣ್ಣು, ಕೈ ಎರಡೂ ಚುರುಕು. ನನಗೆ ಆಗಲ್ಲ.

ನಿಜ ಹೇಳಬೇಕೆಂದರೆ ನನಗೆ ಈ ನೆಲದ ಯುದ್ಧದಲ್ಲಿ ಯುದ್ಧ ಅಷ್ಟೇನೂ ಇಷ್ಟವಿಲ್ಲ. ಇಷ್ಟ ಇರೋದು ಅಲ್ಲಿಗೆ ಹೋಗುವ ದಾರಿ. ಫ್ರಂಟ್‌ಲೈನ್ ಸಲ್ಯೂಷನ್ಸ್ ಅನ್ನೋ ಆಟದೊಳಗಿನ ಕಂಪನಿಯ ಕೌಂಟರಿನಲ್ಲಿ ಯಾವ ಕಡೆ ಅಂತ ಆರಿಸಿಕೊಂಡರೆ, ಸೈನಿಕರನ್ನು ಇಳಿಸಿ ಹೋಗುವ ಹಡಗು, ಅಂದರೆ ಡ್ರಾಪ್‌ಶಿಪ್ಪಿನಲ್ಲಿ ಕರೆದುಕೊಂಡು ಹೋಗುತ್ತಾರೆ. ಓಡಿಸೋದು ಅವರ ಪೈಲಟ್. ನಾವು ಹಿಂದೆ ಸುಮ್ನೆ ಕೂತಿರಬೇಕು. ಮಾಡಲು ಕೆಲಸವಿಲ್ಲ, ಎದ್ದು ಹೋಗಲೂ ಆಗಲ್ಲ. ಆಗಲೇ ಮಾತು ಹುಟ್ಟೋದು. ಸತ್ತರೂ ಮತ್ತೆ ಅದೇ ಡ್ರಾಪ್‌ಶಿಪ್ಪು ಹತ್ತಿ ವಾಪಸ್ ಬರಬಹುದು. ಹಾಗಾಗಿ ನಮ್ಮಲ್ಲಿ ಅತಿ ಹೆಚ್ಚು ಮಾತಾಡುವವರು ಭಟ್ರು.

ನಿನ್ನೆ ಮಾತು ಶುರು ಮಾಡಿದ್ದು ಗೌಡ್ರು. ಮಾಮೂಲಿ ಅವರು ಬಾಯಿ ಬಿಡೋದೇ ಕಮ್ಮಿ.

"ಅಕ್ಕಾ, ಆಫೀಸಲ್ಲಿ ಮೇಲ್ ಬಂತು. ಮುಂದಿನ ತಿಂಗಳಿಂದ ಐದೂ ದಿನ ಬರ್ಬೇಕಂತೆ."

ಇಷ್ಟು ದಿನ ವಾರಕ್ಕೆ ಮೂರು ದಿನ ಇತ್ತು. ನೆಲಮಂಗಲದಿಂದ ಬೆಳ್ಳಂದೂರಿಗೆ ಅವರ ಸವಾರಿ. ಲೆಕ್ಕ ಆಗಲೇ ಹಾಕಿಟ್ಟುಕೊಂಡಿದ್ದರು, ಒಂದೇ ಉಸಿರಿಗೆ ಹೇಳಿದರು. ಹೋಗಿ ಬರೋಕೆ 85 ಕಿಲೋಮೀಟರ್. ಆ ಟ್ರಾಫಿಕ್ಕಲ್ಲಿ ಅವರ 2016ರ ಕಾರು ಕೊಡೋದು 14. ದಿನಕ್ಕೆ ಆರು ಲೀಟರ್. ಲೀಟರಿಗೆ 102 ರೂಪಾಯಿ 92 ಪೈಸೆ. "ತಿಂಗ್ಳಿಗೆ 22 ದಿನ ಅಂದ್ರೆ ಹದ್ಮೂರೂವರೆ ಸಾವ್ರ. ಟೋಲು ಬೇರೆ. ಮೂರು ದಿನ ಇದ್ದಾಗ ಎಂಟು ಸಾವ್ರಕ್ಕೆ ಮುಗೀತಿತ್ತು."

ಯಾರೂ ಏನೂ ಹೇಳುವ ಮೊದಲೇ ಹಡಗು ಇಳಿಯಿತು. ಧುಮುಕಿದೆವು. ಎ ಪಾಯಿಂಟ್, ಬಿ ಪಾಯಿಂಟ್, ಓಡು, ಬಾಗು, ಕಂಟೇನರ್ ಹಿಂದೆ ಅಡಗು. ಐದು ಹತ್ತು ನಿಮಿಷ ಪೆಟ್ರೋಲ್ ಯಾರಿಗೂ ನೆನಪಿಲ್ಲ. ಗೌಡ್ರು ಎಲ್-6 ರಾಕೆಟ್ ಹೊಡೆದು ಮೂವರನ್ನು ಒಟ್ಟಿಗೆ ಎತ್ತಿದರು. ಆ ಹೊತ್ತಿಗೆ ಅವರ ನಗು ಕೇಳಬೇಕಿತ್ತು ನೀವು.

ಆಮೇಲಿನ ಸವಾರಿಯಲ್ಲಿ ಮರಿ ಕೇಳಿದ, "ಗೌಡ್ರೇ, ಪೆಟ್ರೋಲ್ ನೂರರ ಒಳಗ ಬಂದಿತ್ತಲ್ರೀ ಒಂದ್ಸಲ?"

ಬಂದಿತ್ತು. ಹೋದ ವರ್ಷ ಮಾರ್ಚಿನಲ್ಲಿ ಕೇಂದ್ರ ಎರಡು ರೂಪಾಯಿ ಇಳಿಸಿದಾಗ ಬೆಂಗಳೂರಿನಲ್ಲಿ 99.84 ಆಗಿತ್ತು. ಲೋಕಸಭೆ ಚುನಾವಣೆ ಮುಗಿಯಿತು. ಜೂನ್ 15ಕ್ಕೆ ರಾಜ್ಯ ಸರ್ಕಾರ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿತು. ಮೂರು ರೂಪಾಯಿ ಜಾಸ್ತಿ. ಇಳಿಸೋರು ಒಬ್ಬರು, ಏರಿಸೋರು ಇನ್ನೊಬ್ಬರು. ಪಂಪಿನ ಮುಂದೆ ನಿಲ್ಲೋರು ಮಾತ್ರ ನಾವೇ.

ನಮ್ಮ ಗುಂಪಿನಲ್ಲೇ ಇರೋ ಭಾವ ಜರ್ಮನಿಯ ಸ್ಟುಟ್‌ಗಾರ್ಟಿನಿಂದ ಮೂಗು ತೂರಿಸಿದರು. ಅಲ್ಲಿ ಲೀಟರಿಗೆ 1.70 ಯೂರೋ ಆಸುಪಾಸಂತೆ, ನಮ್ಮ ದುಡ್ಡಲ್ಲಿ 170ರ ಮೇಲೇ ಆಯ್ತು. "ನೀವು ಪುಣ್ಯವಂತರು ಕಣ್ರೋ" ಅಂದರು. ಭಾವನ ಈ ಅಭ್ಯಾಸ ನನಗೆ ಹಿಡಿಸಲ್ಲ. ಸಂಬಳ ಯೂರೋದಲ್ಲಿ ತಗೊಂಡು ಪೆಟ್ರೋಲನ್ನು ಮಾತ್ರ ರೂಪಾಯಿಗೆ ತಿರುಗಿಸಿ ತೋರಿಸೋದು. ಅಕ್ಕನಿಗೆ ಹೇಳಿಬಿಡ್ತೀನಿ ಅಂದೆ, ಸುಮ್ಮನಾದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "22ನೇ ತಾರೀಕಿಂದ ಸಣ್ಣ ಕಾರಿಗೆ ಜಿಎಸ್‌ಟಿ 18ಕ್ಕೆ ಇಳಿಯುತ್ತಲ್ಲ, ಹಳೇದು ಕೊಟ್ಟು ಹೊಸದು ತಗೋ" ಅಂತ ಸಲಹೆ.

"ಕಾರು ಇಳಿದ್ರೆ ನಂಗೇನು ಭಾವ, ಪೆಟ್ರೋಲು ಜಿಎಸ್‌ಟಿಗೇ ಬರಲ್ವಲ್ಲ" ಅಂದರು ಗೌಡ್ರು.

ಮೈಲೇಜು ಮೊದಲು 15 ಬರುತ್ತಿತ್ತು, ಈ ಎಥೆನಾಲ್ ಬೆರೆಸಿದ ಮೇಲೆ ಬಿದ್ದಿದೆ ಅನ್ನೋದು ಗೌಡ್ರ ದೂರು. ಭಟ್ರು ಇದಕ್ಕೆ ದೊಡ್ಡ ಪಾಠವನ್ನೇ ಕೊಟ್ಟರು. ಲೀಟರಿಗೆ ಲೀಟರ್ ಹಿಡಿದರೆ ಎಥೆನಾಲ್‌ನ ಶಕ್ತಿ ಪೆಟ್ರೋಲಿಗಿಂತ ಮೂರರಲ್ಲಿ ಒಂದು ಪಾಲು ಕಡಿಮೆ. ನೂರಕ್ಕೆ ಇಪ್ಪತ್ತು ಬೆರೆಸಿದರೆ ಸ್ವಲ್ಪ ಇಳಿಯಲೇಬೇಕು. ಕೇಂದ್ರದ ಪೆಟ್ರೋಲಿಯಂ ಸಚಿವಾಲಯವೇ ಹೊಸ ಥರದ ಗಾಡಿಗಳಿಗೆ ಶೇ 1-2, ಉಳಿದವಕ್ಕೆ ಶೇ 3ರಿಂದ 6 ಅಂತ ಹೇಳಿದೆ. "ಆದ್ರೆ ಗೌಡ್ರೇ, ನಿಮ್ಮ ಮೈಲೇಜ್ ತಿಂದಿದ್ದು ಎಥೆನಾಲ್ ಒಂದೇ ಅಲ್ಲ. ಸಿಲ್ಕ್ ಬೋರ್ಡಿನ ಟ್ರಾಫಿಕ್ಕು." ಇಷ್ಟು ಹೇಳಿ ಇಳಿದವರು ಎರಡನೇ ನಿಮಿಷಕ್ಕೆ ಸತ್ತರು. ಶೀಲ್ಡ್ ಹಾಕಿರಲಿಲ್ಲ.

ಮರಿ ಬಿಡಬೇಕಲ್ಲ. "ಗೌಡ್ರೇ, ಮುಂಜಾನೆ ಹೊರಡೂ ಮುಂದ ಸೂರ್ಯನ ಹತ್ರ ಒಂದು ರೌಂಡ್ ಹೊಡ್ಕೊಂಡು ಬರ್ರಿ. ಜಿ ಕ್ಲಾಸ್ ನಕ್ಷತ್ರ, ಟ್ಯಾಂಕ್ ಫುಲ್ ಆಗ್ತೈತಿ." ಎಲ್ಲರೂ ನಕ್ಕೆವು. ಆಟದಲ್ಲಿ ಹಾಗೇ ತಾನೆ. ಫ್ಯೂಯೆಲ್ ಸ್ಕೂಪ್ ಒಂದು ಇದ್ದರೆ ನಕ್ಷತ್ರದ ಅಂಚಿನಲ್ಲಿ ಹಾದು ಹೋಗುತ್ತಾ ಪುಕ್ಕಟೆ ತುಂಬಿಸಿಕೊಳ್ಳಬಹುದು. ಕೆ, ಜಿ, ಬಿ, ಎಫ್, ಓ, ಎ, ಎಂ, ಈ ಏಳು ಜಾತಿಯಲ್ಲಿ ಒಂದಾಗಿರಬೇಕು ಅಷ್ಟೇ. ಕಂದು ಕುಬ್ಜ ಅನ್ನೋ ಅರೆನಕ್ಷತ್ರಗಳ ಹತ್ತಿರ ಹೋದರೆ ಏನೂ ಸಿಗಲ್ಲ.

ಇದು ಭಟ್ರಿಗೆ ಚೆನ್ನಾಗಿ ಗೊತ್ತು. ಆ ಕಥೆ ಇಲ್ಲಿ ಬರೆದಿರಲಿಲ್ಲ ಅಲ್ವಾ? ಅವರೊಮ್ಮೆ ಯಾವುದೋ ದೂರದ ಕಂದು ಕುಬ್ಜದ ಹತ್ತಿರ ಇಂಧನ ಖಾಲಿ ಮಾಡಿಕೊಂಡು ಕೂತಿದ್ದರು. ಹಡಗಿನಲ್ಲಿ ಆಮ್ಲಜನಕದ ಗಡಿಯಾರ ಕೆಳಗೆ ಇಳಿಯುತ್ತಿದೆ. ಫ್ಯೂಯೆಲ್ ರ‍್ಯಾಟ್ಸ್ ಅಂತ ಆಟಗಾರರದೇ ಒಂದು ತಂಡ ಇದೆ, 2015ರಿಂದ ಇದೇ ಕೆಲಸ. ಸಿಕ್ಕಿಹಾಕಿಕೊಂಡವರಿಗೆ ಇಂಧನ ತಂದು ಕೊಡುತ್ತಾರೆ, ಬಿಟ್ಟಿಯಾಗಿ. ಮೊದಲು ಅವರು ಹೇಳಿದ್ದು, ಕೂಡಲೇ ಆಟದಿಂದ ಹೊರಗೆ ಬನ್ನಿ ಅಂತ. ಹೊರಗಿದ್ದರೆ ಆಮ್ಲಜನಕ ಕರಗಲ್ಲ. ಅವರು ಹತ್ತಿರ ತಲುಪಿದ ಮೇಲೆ ಒಳಗೆ ಬಾ ಅಂದರು, ಪುಟ್ಟ ಡ್ರೋನುಗಳಲ್ಲಿ ಇಂಧನ ಕಳಿಸಿದರು, ಹೊರಟೇ ಹೋದರು. ಭಟ್ರು ಅವತ್ತು ಮೂರು ಸಲ ಥ್ಯಾಂಕ್ಸ್ ಹೇಳಿದರಂತೆ. "ಶಿರಸಿ ಘಾಟಿಯಲ್ಲಿ ಪೆಟ್ರೋಲ್ ಮುಗ್ದು ನಿಂತಾಗ ನಮ್ಮ ಕೇರಿಯವನೇ ಹಾರ್ನ್ ಹೊಡ್ದು ಮುಂದೆ ಹೋದ ಮಾರಾಯ್ರೆ!"

ಅತ್ತೆ ಎದ್ದು ನೀರು ಕುಡಿಯಲು ಬಂದವರು ಬಾಗಿಲಲ್ಲಿ ನಿಂತು, "ಇಷ್ಟೊತ್ನಲ್ಲಿ ಯಾರನ್ನ ಹೊಡಿ ಹೊಡಿ ಅಂತಿದೀಯೇ?" ಅಂದರು. ಮೈಕ್ ಆನ್ ಇತ್ತು. ಮರಿ ಇನ್ನೂ ಅದನ್ನೇ ಆಡಿಕೊಂಡು ನಗ್ತಿದಾನೆ.

ಕೊನೆಯ ಸವಾರಿಯಲ್ಲಿ ಗೌಡ್ರಿಗೆ ದಾರಿ ಹುಡುಕಿಕೊಡಲು ಎಲ್ಲರೂ ಶುರು ಮಾಡಿದೆವು. ಮಾದಾವರದವರೆಗೆ ಬೈಕು, ಅಲ್ಲಿಂದ ಹಸಿರು ಮೆಟ್ರೋ, ಆರ್.ವಿ. ರಸ್ತೆಯಲ್ಲಿ ಇಳಿದು ಹೋದ ತಿಂಗಳು ಶುರುವಾದ ಹಳದಿ ಮೆಟ್ರೋ, ಸಿಲ್ಕ್ ಬೋರ್ಡಿನಲ್ಲಿ ಇಳಿದು ಬಸ್ಸು. ನಕ್ಷೆಯ ಮೇಲೆ ಬಹಳ ಚೆಂದ. ಗೌಡ್ರು ಅದನ್ನೂ ಮಾಡಿ ನೋಡಿದ್ದಾರೆ. ಹಳದಿ ಲೈನಿನಲ್ಲಿ ಒಂದು ರೈಲು ತಪ್ಪಿದರೆ ಇಪ್ಪತ್ತು ನಿಮಿಷದ ಹತ್ತಿರ ಕಾಯಬೇಕಿತ್ತು. ಎಲ್ಲ ಸೇರಿ ಕಾರಿಗಿಂತ ಜಾಸ್ತಿ ಹೊತ್ತು ಹಿಡಿಯಿತಂತೆ. "ಮನೇಲಿ ಹೆಂಡ್ತಿ ಫ್ರೀ ಬಸ್ಸಲ್ಲಿ ಶಾಲೆಗೆ ಹೋಗಿ ಬರ್ತಾಳೆ. ನಾನೊಬ್ನೇ ನೋಡಿ ಪಂಪಿನೋರನ್ನ ಸಾಕ್ತಿರೋದು" ಅಂತ ನಕ್ಕರು.

ಆಮೇಲೆ ಅದೇ ದನಿಯಲ್ಲಿ, ನಗು ಇನ್ನೂ ಇರುವಾಗಲೇ ಹೇಳಿದರು. "ಬೆಳ್ಳಂದೂರಲ್ಲೇ ಪಿಜಿ ನೋಡ್ಕೊಂಡು ಬಂದೆ ಅಕ್ಕ. ಊಟ ಸೇರಿ ಹನ್ನೊಂದು ಸಾವ್ರ. ಪೆಟ್ರೋಲ್‌ಗಿಂತ ಕಮ್ಮಿ. ಸೋಮವಾರ ಹೋದ್ರೆ ಶುಕ್ರವಾರ ರಾತ್ರಿ ಬರೋದು."

ನನಗೆ ತಟ್ಟನೆ ಏನು ಹೇಳಬೇಕು ಅಂತ ತೋಚಲಿಲ್ಲ. ಅವರ ಮಗಳು ಈಗ ಒಂದನೇ ಕ್ಲಾಸು. ಆಟದ ನಡುವೆ ಬಂದು ಅಪ್ಪನ ಮೈಕಿನಲ್ಲಿ "ಹಲೋ ಆಂಟಿ" ಅಂತಾಳಲ್ಲ, ಅವಳೇ. ವಾರದಲ್ಲಿ ಐದು ದಿನ ಅಪ್ಪ ಬೇರೆ ಊರಿನವರ ಥರ. ಅದೂ ಅದೇ ಜಿಲ್ಲೆಯ ಬದಿಯಲ್ಲೇ ಮನೆ ಇಟ್ಟುಕೊಂಡು. ಉಳಿಯೋದು ಎಷ್ಟು? ಎರಡೂವರೆ ಸಾವಿರ, ಆಮೇಲೆ ದಿನಕ್ಕೆ ಮೂರ್ನಾಲ್ಕು ಗಂಟೆ. ಆ ಗಂಟೆಗಳನ್ನು ಪಿಜಿಯ ಮಂಚದ ಮೇಲೆ ಕೂತು ಏನು ಮಾಡುತ್ತಾರೆ? ದುಡ್ಡಿನ ಲೆಕ್ಕ ಮಾತ್ರ ನೋಡಿದರೆ ಅವರು ಹೇಳಿದ್ದು ಸರಿ. ನನಗೆ ಸಿಟ್ಟು ಬಂದಿದ್ದೂ ಅದಕ್ಕೇ.

"ಶುಕ್ರವಾರ ರಾತ್ರಿ ಮನೆಗೆ ಬಂದು ನಿಮ್ ಜೊತೆ ಕೂತ್ರೆ ಅವ್ಳು ಸುಮ್ನಿರ್ತಾಳಾ? ನನ್ನ ಲೆಕ್ಕಕ್ಕೆ ಇಟ್ಕೋಬೇಡಿ ಇನ್ಮೇಲೆ" ಅಂದರು. ಭಾವ ಏನೋ ಹೇಳಲು ಹೊರಟರು. ಹಡಗು ಇಳಿಯಿತು. ಮರಿ ಸಿ ಪಾಯಿಂಟ್, ಸಿ ಪಾಯಿಂಟ್ ಅಂತ ಕೂಗಿದ. ಎಲ್ಲರೂ ಓಡಿದೆವು. ಭಟ್ರು ಕೊನೆಯವರೆಗೂ ಬದುಕಿದ್ದರು, ಶೀಲ್ಡ್ ಹಾಕಿಕೊಂಡೇ ಇಳಿದಿದ್ದರು ಅನಿಸುತ್ತೆ. ಯಾರೂ ಅದನ್ನು ಎತ್ತಿ ಆಡಲಿಲ್ಲ.

ಇವರಿಗೆ ಬೆಳಿಗ್ಗೆ ಹೇಳಿದೆ. "ವಾರಕ್ಕೊಂದು ದಿನ ಆಡೋ ಆಟಕ್ಕೆ ಇಷ್ಟು ಯೋಚನೆನಾ?" ಅಂದರು. ಆಟದ ಯೋಚನೆ ಅಲ್ಲ ರೀ ಅಂದೆ. ಪೇಪರ್ ಮಡಚಲೂ ಇಲ್ಲ.

ಒಂದು ದಾರಿ ಹೊಳೆದಿದೆ. ನಮ್ಮ ಚಿಕ್ಕಪ್ಪನ ಮಗಳು ದಾಸನಪುರದಿಂದ ಮಾರತ್ತಹಳ್ಳಿಗೆ ದಿನಾ ಕಾರಲ್ಲಿ ಒಬ್ಬಳೇ ಹೋಗ್ತಾಳೆ. ಗೌಡ್ರು ಅಲ್ಲಿಯವರೆಗೆ ಬೈಕಲ್ಲಿ ಬಂದರೆ ಇಬ್ಬರಿಗೂ ಖರ್ಚು ಅರ್ಧ. ಒಂದು ವಾರ ಅವಳ ಕಾರು, ಒಂದು ವಾರ ಗೌಡ್ರದು. ಆದರೆ ಅವಳು ಹೊರಡೋದು ಒಂಬತ್ತಕ್ಕೆ, ಗೌಡ್ರು ಎಂಟೂವರೆಗೆ ಒಳಗೆ ಕಾರ್ಡ್ ಒತ್ತಬೇಕು. ಅವಳು ಆರೂಕಾಲಿಗೆ ಹೊರಡಲು ಒಪ್ಪಿದರೆ, ಆಗ ಬೇಗ ವಾಪಸ್ಸೂ ಬರಬಹುದು, ಟ್ರಾಫಿಕ್ಕೂ ಕಮ್ಮಿ. ಇವತ್ತು ರಾತ್ರಿಯೇ ಅವಳಿಗೆ ಫೋನ್ ಮಾಡಬೇಕು. ಬೆಳಿಗ್ಗೆ ಬೇಗ ಏಳು ಅಂದರೆ ಅವಳು ಏನು ಅಂತಾಳೋ, ಚಿಕ್ಕಮ್ಮನ ಕಡೆಯಿಂದ ಹೇಳಿಸಿದರೆ ಒಪ್ಪಬಹುದೇನೋ.