ಇಂಗ್ಲೆಂಡಿನ ಟ್ಯಾಕ್ಸಿಯಲ್ಲಿ ಚಪ್ಪಲಿ ಹಾಕುವ ಹಾಗಿಲ್ಲ

ಹೋದ ವಾರ ಬೆಂಗಳೂರಿಂದ ನನ್ನ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ಅಲ್ಲಿ ಏರ್‌ಪೋರ್ಟ್ ಕ್ಯಾಬ್ ಓಡಿಸುತ್ತಾನೆ. ಅವನ ಹೆಂಡತಿ ನರ್ಸು, ಇಲ್ಲಿ ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಗುವ ಹಾಗಿದೆಯಂತೆ, ಸಿಕ್ಕರೆ ತಾನೂ ನನ್ನ ಹಾಗೆ ಇಲ್ಲಿ ಟ್ಯಾಕ್ಸಿ ಓಡಿಸಬಹುದಾ ಅಂತ ಒಂದು ಗಂಟೆ ಕೇಳಿದ. ಬಾಡಿಗೆ ಎಷ್ಟು ಉಳಿಯುತ್ತೆ, ಗಾಡಿ ಯಾವುದು, ಚಳಿಗಾಲ ಹೇಗೆ. ಕೊನೆಗೆ ಕೇಳಿದ, "ಅಣ್ಣಾ, ಅಲ್ಲೂ ಯೂನಿಫಾರ್ಮ್ ಇದೆಯಾ? ಯಾವ ಬಣ್ಣ?"

ಬಣ್ಣ ಇಲ್ಲ ಕಣೋ, ಆದರೆ ಏನು ಹಾಕಬಾರದು ಅಂತ ಎರಡು ಪುಟ ಬರೆದಿಟ್ಟಿದ್ದಾರೆ ಅಂದೆ. ಅವನಿಗೆ ನಂಬಿಕೆ ಬರಲಿಲ್ಲ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ, ಅವನಿಗೂ, ಅವನ ಹಾಗೆ ಹೆಂಡತಿಯ ವೀಸಾದಲ್ಲಿ ಬಂದು ಸ್ಟೇರಿಂಗ್ ಹಿಡಿಯುವ ಯೋಚನೆ ಇರುವ ಬೇರೆಯವರಿಗೂ.

ನಾನು ಬಂದಿದ್ದು 2018ರಲ್ಲಿ, ನನ್ನ ಹೆಂಡತಿಯೂ ನರ್ಸು. ಇಂಗ್ಲೆಂಡಿನ ನಡುಭಾಗದ ಒಂದು ಊರು ನಮ್ಮದು, ಹೆಸರು ಬೇಡ. ಮೊದಲು ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡಿದೆ. ಇಲ್ಲಿನ ಡ್ರೈವಿಂಗ್ ಟೆಸ್ಟ್ ಪಾಸಾದ ತಕ್ಷಣ ಟ್ಯಾಕ್ಸಿ ಲೈಸೆನ್ಸ್ ಸಿಗುವುದಿಲ್ಲ, ಕನಿಷ್ಠ 12 ತಿಂಗಳು ಲೈಸೆನ್ಸ್ ಕೈಯಲ್ಲಿರಬೇಕು. ಆಮೇಲೆ ಪೊಲೀಸ್ ದಾಖಲೆ ತಪಾಸಣೆ, ಲಾರಿ ಡ್ರೈವರುಗಳಿಗೆ ಮಾಡುವಂಥದ್ದೇ ಮೆಡಿಕಲ್, ಊರಿನ ದಾರಿಗಳ ಪರೀಕ್ಷೆ, ಮಕ್ಕಳ ರಕ್ಷಣೆಯ ತರಬೇತಿ. ಇದೆಲ್ಲ ಮುಗಿದು ಬ್ಯಾಡ್ಜ್ ಕೈಗೆ ಬರುವಾಗ 2021 ಆಗಿತ್ತು.

ನನ್ನದು ಪ್ರೈವೇಟ್ ಹೈರ್. ಇಲ್ಲಿ ಎರಡು ಜಾತಿಯ ಟ್ಯಾಕ್ಸಿ ಇದೆ. ಹ್ಯಾಕ್ನಿ ಕ್ಯಾರೇಜ್ ಅನ್ನುವುದು ಸ್ಟ್ಯಾಂಡಿನಲ್ಲಿ ನಿಲ್ಲಬಹುದು, ರಸ್ತೆಯಲ್ಲಿ ಕೈ ತೋರಿಸಿದವರನ್ನು ಹತ್ತಿಸಿಕೊಳ್ಳಬಹುದು. ನಮ್ಮದು ಆಪರೇಟರ್ (ಬುಕಿಂಗ್ ತೆಗೆದುಕೊಳ್ಳುವ ಕಂಪನಿ) ಮೂಲಕ ಮೊದಲೇ ಬುಕ್ ಆದ ಬಾಡಿಗೆ ಮಾತ್ರ. ಕೈ ತೋರಿಸಿದರು ಅಂತ ಪಾಪ ನೋಡಿ ನಿಲ್ಲಿಸಿದರೆ ಅದು ಅಪರಾಧ, ಇನ್ಶೂರೆನ್ಸೂ ಕೆಲಸಕ್ಕೆ ಬರುವುದಿಲ್ಲ. ಲಂಡನ್ ಬಿಟ್ಟು ಹೆಚ್ಚುಕಡಿಮೆ ಇಡೀ ಇಂಗ್ಲೆಂಡಿಗೆ ಇದರ ಕಾನೂನು 1976ರದ್ದು. ಡ್ರೈವರ್ ಕೆಲಸದಲ್ಲಿರುವಾಗ ಬ್ಯಾಡ್ಜ್ ಸ್ಪಷ್ಟವಾಗಿ ಕಾಣುವ ಹಾಗೆ ಹಾಕಿಕೊಂಡಿರಬೇಕು ಅಂತ ಆ ಕಾನೂನಿನಲ್ಲೇ ಇದೆ. ಅಂಗಿ, ಪ್ಯಾಂಟು, ಶೂ ಇವೆಲ್ಲ ಆಯಾ ಊರಿನ ಕೌನ್ಸಿಲ್, ಅಂದರೆ ನಮ್ಮ ನಗರಸಭೆಯಂಥದ್ದು, ಮಾಡಿಕೊಂಡ ನಿಯಮ. ಲೈಸೆನ್ಸ್ ಕೊಡುವ ಇಂಥ ಕೌನ್ಸಿಲ್‌ಗಳು ಇಂಗ್ಲೆಂಡಿನಲ್ಲಿ 200ಕ್ಕೂ ಹೆಚ್ಚಿವೆ, ಒಬ್ಬೊಬ್ಬರದು ಒಂದೊಂದು ಥರ. ಕೆಲವು ಕಡೆ ಬಟ್ಟೆಯ ಬಗ್ಗೆ ಒಂದೇ ಸಾಲು, ಕೆಲವು ಕಡೆ ಉದ್ದದ ಪಟ್ಟಿ.

ನಮ್ಮ ಕೌನ್ಸಿಲ್‌ನದು ಉದ್ದದ್ದು. ಅಂಗಿಗೆ ಕಾಲರ್ ಇರಬೇಕು. ಟ್ರ್ಯಾಕ್ ಪ್ಯಾಂಟ್ ಬೇಡ, ಬನಿಯನ್ ಥರದ್ದು ಬೇಡ, ಹರಿದ ಜೀನ್ಸ್ ಬೇಡ, ಕೆಟ್ಟ ಮಾತೋ ಚಿತ್ರವೋ ಇರುವ ಟೀ ಶರ್ಟ್ ಬೇಡ. ಚಡ್ಡಿ ಹಾಕಬಹುದು, ಆದರೆ ಮೊಣಕಾಲಿನವರೆಗೆ ಬರುವ, ಹೊಲಿಗೆ ನೀಟಾಗಿರುವ ಚಡ್ಡಿ. ಮುಖ ಮರೆಯಾಗುವ ಟೋಪಿ ಬೇಡ. ಕಾಲಿಗೆ ಹಿಮ್ಮಡಿಯನ್ನು ಹಿಡಿದಿಡುವಂಥದ್ದೇ ಬೇಕು, ಅಂದರೆ ನಾವು ಮನೆಯಿಂದ ಅಂಗಡಿಗೆ ಹೋಗುವಾಗ ಮೆಟ್ಟುವ ಚಪ್ಪಲಿ ಆಗದು. ಫುಟ್‌ಬಾಲ್ ಟೀಮುಗಳ ಜರ್ಸಿಯಂತೂ ಬೇಡವೇ ಬೇಡ.

ಜರ್ಸಿ ಯಾಕೆ ಬೇಡ ಅಂತ ನನಗೆ ಮೊದಲು ಹೊಳೆದಿರಲಿಲ್ಲ. ಒಂದು ಶನಿವಾರ ಮ್ಯಾಚ್ ಮುಗಿದ ಮೇಲೆ ಸ್ಟೇಡಿಯಂ ಹತ್ತಿರ ಬಾಡಿಗೆ ಹೊಡೆದಾಗ ಗೊತ್ತಾಯಿತು. ಡರ್ಬಿ ಮತ್ತು ನಾಟಿಂಗ್‌ಹ್ಯಾಮ್ ಊರುಗಳ ನಡುವೆ ಇರುವುದು ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್. ಎರಡೂ ಟೀಮಿಗೆ ಕೋಚ್ ಆಗಿದ್ದ ಬ್ರಯನ್ ಕ್ಲಫ್ ಹೆಸರನ್ನೇ ನಡುವಿನ ರಸ್ತೆಗೆ ಇಟ್ಟಿದ್ದಾರೆ. ಆದರೂ ಆ ಊರಿನವರಿಗೆ ಈ ಊರಿನ ಜರ್ಸಿ ಕಂಡರೆ ಆಗದು. ಕುಡಿದು ಸೋತು ಬಂದ ನಾಲ್ಕು ಜನ ಹಿಂದೆ ಕೂತಿರುವಾಗ, ಮುಂದೆ ಒಬ್ಬನೇ ಇರುವ ಡ್ರೈವರ್ ಗೆದ್ದ ಟೀಮಿನ ಜರ್ಸಿ ತೊಟ್ಟಿದ್ದರೆ ಏನಾಗಬಹುದು ಯೋಚಿಸಿ. ಈ ನಿಯಮ ಡ್ರೈವರನ್ನೇ ಕಾಯುತ್ತದೆ.

ಈಗ ನನ್ನ ವಿಷಯಕ್ಕೆ ಬರುತ್ತೇನೆ.

2022ರ ಜುಲೈ 19. ಇಲ್ಲಿರುವ ಯಾರೂ ಆ ದಿನ ಮರೆಯುವುದಿಲ್ಲ. ಲಿಂಕನ್‌ಶೈರ್‌ನ ಕೋನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ದಾಖಲಾಯಿತು, ಈ ದೇಶದಲ್ಲಿ 40 ದಾಟಿದ್ದು ಅದೇ ಮೊದಲು. ರಾಯಚೂರಿನವರಿಗೆ 40 ಏನು ಮಹಾ ಅನ್ನಿಸಬಹುದು, ಆದರೆ ಇಲ್ಲಿನ ಮನೆಗಳನ್ನು ಕಟ್ಟಿರುವುದೇ ಬಿಸಿ ಒಳಗೆ ಹಿಡಿದಿಡೋದಕ್ಕೆ. ಫ್ಯಾನ್ ಕೂಡ ಇರಲ್ಲ. ನಾನು ರಾತ್ರಿಯೆಲ್ಲ ನಿದ್ದೆ ಇಲ್ಲದೆ ಎದ್ದು, ಕಾಲರ್ ಇಲ್ಲದ ತೆಳು ಹತ್ತಿ ಟೀ ಶರ್ಟ್ ತೊಟ್ಟು, ಊರಿಂದ ತಂದಿದ್ದ ಚರ್ಮದ ಚಪ್ಪಲಿ ಮೆಟ್ಟಿ ಡ್ಯೂಟಿಗೆ ಹೋದೆ. ಮಧ್ಯಾಹ್ನ ರೈಲ್ವೆ ಸ್ಟೇಷನ್ ಮುಂದೆ ಒಬ್ಬ ಅಜ್ಜಿಯನ್ನು ಇಳಿಸಿ, ಡಿಕ್ಕಿಯಿಂದ ಅವರ ಸೂಟ್‌ಕೇಸ್ ತೆಗೆದುಕೊಡುತ್ತಿದ್ದೆ. ಲೈಸೆನ್ಸಿಂಗ್ ಆಫೀಸರ್ ಒಬ್ಬರು ಅಲ್ಲೇ ಗಾಡಿಗಳನ್ನು ತಪಾಸಣೆ ಮಾಡುತ್ತಿದ್ದರು. ನನ್ನ ಕಾಲು ನೋಡಿದರು, ಅಂಗಿ ನೋಡಿದರು, ಬ್ಯಾಡ್ಜ್ ನಂಬರ್ ಬರೆದುಕೊಂಡರು. ಮಾತು ಮರ್ಯಾದೆಯಾಗಿಯೇ ಇತ್ತು. ಅಜ್ಜಿಯೇ "ಇವತ್ತಿನ ಬಿಸಿಲಲ್ಲಿ ಪಾಪ ಅವರನ್ನು ಬಿಡಿ" ಅಂದರು. ಬಿಡಲಿಲ್ಲ.

ಹತ್ತು ದಿನಕ್ಕೆ ಪತ್ರ ಬಂತು. ಎರಡು ತಪ್ಪು, ಪೆನಾಲ್ಟಿ ಅಂಕ, ಎಚ್ಚರಿಕೆ. ನಮ್ಮಲ್ಲಿ ವರ್ಷದೊಳಗೆ 12 ಅಂಕ ತುಂಬಿದರೆ ಸಮಿತಿ ಮುಂದೆ ಕೈ ಕಟ್ಟಿ ನಿಲ್ಲಬೇಕು, ಲೈಸೆನ್ಸ್ ಹೋಗಲೂಬಹುದು. ಪತ್ರ ಹಿಡಿದು ಅಡುಗೆಮನೆಯಲ್ಲಿ ಕೂತವನಿಗೆ ನಿಜವಾಗಲೂ ಅಳು ಬಂತು. ಅಂಕಕ್ಕಲ್ಲ. ನನಗೆ ಚಿಕ್ಕಪ್ಪ ನೆನಪಾದರು.

ಚಿಕ್ಕಪ್ಪ ಹಾಸನದಲ್ಲಿ ಆಟೋ ಓಡಿಸುತ್ತಿದ್ದರು. ದಿನವೂ ಖಾಕಿ ಅಂಗಿ. ಮನೆಯಲ್ಲಿ ಎರಡೇ ಜೊತೆ ಇತ್ತು, ಒಂದು ಮೈಮೇಲೆ, ಒಂದು ತಂತಿ ಮೇಲೆ. ಯಾರದಾದರೂ ಮದುವೆಗೆ ಬಂದರೆ ಛತ್ರದ ಹೊರಗೆ ಆಟೋ ನಿಲ್ಲಿಸಿ, ಅಲ್ಲೇ ಖಾಕಿ ಬಿಚ್ಚಿ ಮಡಚಿ ಸೀಟಿನ ಕೆಳಗಿಟ್ಟು, ಬಿಳಿ ಅಂಗಿ ಹಾಕಿಕೊಂಡು ಒಳಗೆ ಬರುತ್ತಿದ್ದರು. ಖಾಕಿಯಲ್ಲೇ ಬಂದರೆ ಪಂಕ್ತಿಯಲ್ಲಿ ಕೂತವರು ನೋಡುವ ನೋಟವೇ ಬೇರೆ ಅಂತ ಅವರಿಗೆ ಗೊತ್ತಿತ್ತು. ಆದರೆ ಅದೇ ಚಿಕ್ಕಪ್ಪ ಇನ್ನೊಂದು ಮಾತೂ ಹೇಳುತ್ತಿದ್ದರು: "ಮಗಾ, ಕಾಕಿ ಹಾಕ್ಕಂಡಿದ್ರೆ ರಾತ್ರಿ ಹೊತ್ನಲ್ಲಿ ಹೆಣ್ಮಕ್ಳು ಧೈರ್ಯವಾಗಿ ಆಟೋ ಹತ್ತುತಾರೆ." ಆಗ ನಾನು ಆ ಮಾತನ್ನು ಕಿವಿಗೇ ಹಾಕಿಕೊಂಡಿರಲಿಲ್ಲ. ಮದುವೆ ಮನೆಯ ಖಾಕಿ ಮಾತ್ರ ಮನಸ್ಸಲ್ಲಿ ಉಳಿದಿತ್ತು. ಇಲ್ಲಿಗೆ ಬಂದ ಮೇಲೆ ನನ್ನ ಬಟ್ಟೆ ನನ್ನದು ಅಂದುಕೊಂಡಿದ್ದೆ, ಆ ಪತ್ರ ಬಂದಾಗ ಅದೂ ಹೋಯಿತು ಅನ್ನಿಸಿತು.

ಅದೇ ವರ್ಷ ಡಿಸೆಂಬರ್‌ನಲ್ಲಿ ಇನ್ನೊಂದು ಆಯಿತು. ರಾತ್ರಿ ಎರಡು ಗಂಟೆ, ಮೈನಸ್ ಚಳಿ. ಯೂನಿವರ್ಸಿಟಿ ಓದುವ ಹುಡುಗಿ, ಕ್ಲಬ್ ಒಂದರ ಹತ್ತಿರದಿಂದ ಒಬ್ಬಳೇ ಬುಕ್ ಮಾಡಿದ್ದಳು. ನಾನು ದಪ್ಪ ಜಾಕೆಟ್ ಹಾಕಿ ಕುತ್ತಿಗೆವರೆಗೆ ಜಿಪ್ ಎಳೆದಿದ್ದೆ, ಬ್ಯಾಡ್ಜ್ ಒಳಗೆ ಸೇರಿತ್ತು. ಅವಳು ಕಾರಿನ ನಂಬರ್ ನೋಡಿದಳು, ನನ್ನ ಮುಖ ನೋಡಿದಳು, ಹತ್ತಲಿಲ್ಲ. ಮೂರು ಅಡಿ ದೂರ ನಿಂತು "ನಿಮ್ಮ ಬ್ಯಾಡ್ಜ್ ಎಲ್ಲಿ?" ಅಂದಳು. ಒಂದು ಕ್ಷಣ ನನಗೆ ಕೋಪ ಬಂತು, ಸುಳ್ಳು ಹೇಳಲ್ಲ. ಜಿಪ್ ಇಳಿಸಿ ತೋರಿಸಿದೆ. ಆಗ ನೋಡಿದರೆ ಅವಳ ಫೋನಿನಲ್ಲಿ ಅಮ್ಮ ಲೈನಿನಲ್ಲಿದ್ದರು. ಬ್ಯಾಡ್ಜ್ ನಂಬರನ್ನು ಒಂದೊಂದೇ ಅಂಕಿ ಅಮ್ಮನಿಗೆ ಓದಿ ಹೇಳಿ ಆಮೇಲೆ ಹತ್ತಿದಳು. ಹನ್ನೆರಡು ನಿಮಿಷದ ದಾರಿ, ಫೋನ್ ಇಡಲಿಲ್ಲ. ಬಾಗಿಲು ತೆರೆದು ಒಳಗೆ ಹೋಗುವವರೆಗೂ ನಾನು ಹೆಡ್‌ಲೈಟ್ ಹಾಕಿಕೊಂಡು ನಿಂತಿದ್ದೆ.

ನನಗೂ ಮಗಳಿದ್ದಾಳೆ. ಆ ಅಮ್ಮ ಯಾವ ಊರಿನಲ್ಲಿ, ಯಾವ ಹಾಸಿಗೆ ಮೇಲೆ ಎದ್ದು ಕೂತು ಆ ನಂಬರ್ ಬರೆದುಕೊಂಡಿರಬಹುದು ಅಂತ ಆ ರಾತ್ರಿಯೆಲ್ಲ ಯೋಚನೆ. ಚಿಕ್ಕಪ್ಪ ಹೇಳಿದ್ದು ಇದೇ ಅಲ್ವಾ?

ಇದರ ಹಿಂದೆ ದೊಡ್ಡ ನೋವೂ ಇದೆ. ರಾದರಮ್ ಅನ್ನುವ ಊರಿನಲ್ಲಿ ವರ್ಷಗಟ್ಟಲೆ ನಡೆದ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಬಗ್ಗೆ 2014ರಲ್ಲಿ ತನಿಖಾ ವರದಿ ಬಂತು. 16 ವರ್ಷಗಳಲ್ಲಿ ಸುಮಾರು 1,400 ಮಕ್ಕಳು ಇದಕ್ಕೆ ತುತ್ತಾಗಿದ್ದರು ಅಂತ ಅದರಲ್ಲಿದೆ, ಕೆಲವು ಟ್ಯಾಕ್ಸಿ ಡ್ರೈವರುಗಳ ಪಾತ್ರದ ಬಗ್ಗೆಯೂ ಇದೆ. ಅದಾದ ಮೇಲೆ ಲೈಸೆನ್ಸ್ ನಿಯಮಗಳು ಬಿಗಿಯಾಗುತ್ತಾ ಬಂದವು, 2020ರಲ್ಲಿ ಸರ್ಕಾರವೇ ಎಲ್ಲ ಕೌನ್ಸಿಲ್‌ಗಳಿಗೂ ಮಾನದಂಡ ಕೊಟ್ಟಿತು. ಯಾರೋ ಮಾಡಿದ ಪಾಪಕ್ಕೆ ನಮ್ಮನ್ನೆಲ್ಲ ಅನುಮಾನದಿಂದ ನೋಡುತ್ತಾರೆ ಅಂತ ನಮ್ಮ ಡ್ರೈವರುಗಳಿಗೆ ಬೇಸರ ಇದೆ, ಆ ಬೇಸರ ಸುಳ್ಳಲ್ಲ. ಆದರೆ ಗುರುತು ಕೇಳುವ ಹುಡುಗಿಯ ಮೇಲೆ ಆ ಬೇಸರ ತೀರಿಸಿಕೊಳ್ಳಬಾರದು. ನಾನೀಗ ಬ್ಯಾಡ್ಜನ್ನು ತೋಳಿಗೆ ಕಟ್ಟುವ ಪಟ್ಟಿಯಲ್ಲಿ ಹಾಕಿದ್ದೇನೆ, ಎಂಥ ಜಾಕೆಟ್ ಹಾಕಿದರೂ ಮೇಲೇ ಕಾಣುತ್ತದೆ.

ಚಪ್ಪಲಿ ವಿಷಯದಲ್ಲೂ ನನ್ನ ಮನಸ್ಸು ಬದಲಾಗಿದೆ. ಊರಲ್ಲಿ ಹತ್ತು ವರ್ಷ ಚಪ್ಪಲಿ ಮೆಟ್ಟಿಯೇ ಗಾಡಿ ಓಡಿಸಿದವನು ನಾನು. ಏನೂ ಆಗಿರಲಿಲ್ಲ, ಅದು ಪುಣ್ಯ. ಕಾಲಿಂದ ಜಾರಿದ ಚಪ್ಪಲಿ ಬ್ರೇಕ್ ಪೆಡಲ್ ಕೆಳಗೆ ಸಿಕ್ಕಿಕೊಂಡರೆ ಒತ್ತುವುದು ಎಲ್ಲಿಗೆ? ಪೆಡಲ್ ಸರಿಯಾಗಿ ಒತ್ತಲು ಅಡ್ಡಿಯಾಗದ ಬಟ್ಟೆ, ಪಾದರಕ್ಷೆ ಇರಬೇಕು ಅಂತ ಇಲ್ಲಿನ ಹೈವೇ ಕೋಡ್‌ನ 97ನೇ ನಿಯಮ ಎಲ್ಲ ಡ್ರೈವರುಗಳಿಗೂ ಹೇಳುತ್ತದೆ. ಅದಕ್ಕಿಂತ ಜಾಸ್ತಿ ನನಗೆ ಅರ್ಥ ಮಾಡಿಸಿದ್ದು ಜನವರಿಯ ಹಿಮ. ನಮ್ಮ ಕೆಲಸ ಬರೀ ಸೀಟಿನಲ್ಲಿ ಕೂರುವುದಲ್ಲ. ಎಂಬತ್ತು ದಾಟಿದ ಅಜ್ಜಿಯ ತರಕಾರಿ ಚೀಲ ಒಂದು ಕೈಲಿ, ಅವರ ತೋಳು ಇನ್ನೊಂದು ಕೈಲಿ ಹಿಡಿದು, ಗಾಜಿನ ಹಾಗೆ ಹೆಪ್ಪುಗಟ್ಟಿದ ಮೆಟ್ಟಿಲು ಹತ್ತಿಸಬೇಕು. ಅವತ್ತು ನನ್ನ ಕಾಲು ಜಾರಿದ್ದರೆ ಇಬ್ಬರೂ ಬೀಳುತ್ತಿದ್ದೆವು, ನನಗೆ ಗಾಯ ಆಗುತ್ತಿತ್ತು, ಅವರ ಸೊಂಟ ಮುರಿಯುತ್ತಿತ್ತು. ತಮ್ಮಾ, ಬರುವಾಗ ಒಳ್ಳೆ ಹಿಡಿತದ ಶೂ ತಗೋ, ಇದರಲ್ಲಿ ಕಂಜೂಸ್‌ತನ ಬೇಡ.

ಆದರೆ ಕಾಲರ್? ಅದನ್ನು ಮಾತ್ರ ನಾನು ಇವತ್ತಿಗೂ ಒಪ್ಪಿಲ್ಲ. ಒಗೆದು ಇಸ್ತ್ರಿ ಮಾಡಿದ, ಏನೂ ಬರೆಯದ ಟೀ ಶರ್ಟಿನಿಂದ ಯಾವ ಪ್ರಯಾಣಿಕರಿಗೆ ಏನು ತೊಂದರೆ? 40 ಡಿಗ್ರಿಯಲ್ಲಿ ಹನ್ನೆರಡು ಗಂಟೆ ಕೂರುವವನು ಉಸಿರಾಡಬೇಕು ತಾನೇ. ಇನ್ನೊಂದು ವಿಷಯ, ನಮ್ಮ ಬಟ್ಟೆಗೆ ಯಾರೂ ಒಂದು ಪೌಂಡ್ ಕೊಡುವುದಿಲ್ಲ. ಕೌನ್ಸಿಲ್ ಕೊಡಲ್ಲ, ಆಪರೇಟರ್ ಕೊಡಲ್ಲ. ತೆರಿಗೆ ಲೆಕ್ಕದಲ್ಲಿ ನಾನು ಸ್ವಂತ ದುಡಿಮೆಗಾರ, ಆದರೂ ನನ್ನ ಅಂಗಿಯ ಕುತ್ತಿಗೆ ಹೇಗಿರಬೇಕು ಅಂತ ಬೇರೆಯವರು ತೀರ್ಮಾನಿಸುತ್ತಾರೆ. ನನ್ನ ಬೀದಿಯಲ್ಲೇ ಇರುವ ಗೆಳೆಯನ ಲೈಸೆನ್ಸ್ ವುಲ್ವರ್‌ಹ್ಯಾಂಪ್ಟನ್ ಅನ್ನುವ ಬೇರೆ ಊರಿನ ಕೌನ್ಸಿಲ್‌ದು. ಕಾರು, ಡ್ರೈವರ್, ಆಪರೇಟರ್ ಮೂರೂ ಒಂದೇ ಕೌನ್ಸಿಲ್‌ನಿಂದ ಲೈಸೆನ್ಸ್ ಪಡೆದಿದ್ದರೆ ಬೇರೆ ಊರಿನಲ್ಲೂ ಬಾಡಿಗೆ ಓಡಿಸಬಹುದು. ಒಂದೇ ಸ್ಟೇಷನ್ ಮುಂದೆ ನಾವಿಬ್ಬರೂ ಜನ ಇಳಿಸುತ್ತೇವೆ, ಅವನಿಗೆ ಅವನ ಕೌನ್ಸಿಲ್ ನಿಯಮ, ನನಗೆ ನನ್ನದು. ಪ್ರಯಾಣಿಕರಿಗೆ ಈ ವ್ಯತ್ಯಾಸ ಗೊತ್ತೂ ಇರಲ್ಲ.

ಆ ಗೆಳೆಯ ಸಿಖ್ಖರವನು. ಅವನ ಪೇಟಕ್ಕೆ ಇಲ್ಲಿ ಯಾರೂ ಏನೂ ಅನ್ನುವುದಿಲ್ಲ, ಧರ್ಮದ, ಸಂಸ್ಕೃತಿಯ ಉಡುಪಿಗೆ ನಮ್ಮ ಕೌನ್ಸಿಲ್‌ನಲ್ಲೂ ಅವಕಾಶ ಇದೆ. ಆದರೆ ಅದು ಸುಮ್ನೆ ಬಂದಿದ್ದಲ್ಲ ಅಂತ ಅವನೇ ಹೇಳಿದ್ದು. 1967ರಲ್ಲಿ ತರ್ಸೇಮ್ ಸಿಂಗ್ ಸಂಧು ಅನ್ನುವ ಬಸ್ ನೌಕರರು ಅದೇ ವುಲ್ವರ್‌ಹ್ಯಾಂಪ್ಟನ್‌ನಲ್ಲಿ ಗಡ್ಡ ಬಿಟ್ಟು ಪೇಟ ಸುತ್ತಿ ಕೆಲಸಕ್ಕೆ ಬಂದರು. ಯೂನಿಫಾರ್ಮ್ ನಿಯಮ ಹೇಳಿ ಅವರನ್ನು ಮನೆಗೆ ಕಳಿಸಿದರು. ಮೆರವಣಿಗೆ, ಜಗಳ, ಎರಡು ವರ್ಷ ಹೋರಾಟ. 1969ರ ಏಪ್ರಿಲ್‌ನಲ್ಲಿ ನಿಷೇಧ ತೆಗೆದರು. ಬಟ್ಟೆ ನಿಯಮವನ್ನು ಹಿಂದೆ ಒಬ್ಬ ಬಸ್ ನೌಕರರು ಪ್ರಶ್ನೆ ಮಾಡಿದ್ದಾರೆ, ಬದಲಾಯಿಸಿಯೂ ಇದ್ದಾರೆ ಅನ್ನುವುದು ನನಗೆ ಬಹಳ ಧೈರ್ಯ ಕೊಟ್ಟಿತು. ಹೋದ ಯುಗಾದಿಗೆ ನಾನೂ ಜುಬ್ಬ ಹಾಕಿಕೊಂಡು ಡ್ಯೂಟಿ ಮಾಡಿದೆ. ಪಂಚೆ ಉಡಬೇಕು ಅಂತ ಆಸೆ ಇತ್ತು, ಪೆಡಲ್ ನೆನೆದು ಬಿಟ್ಟೆ.

ಈಗ ನಮ್ಮ ಕೌನ್ಸಿಲ್ ಆ ಎರಡು ಪುಟವನ್ನು ತಿದ್ದಲು ಹೊರಟಿದೆ, ಡ್ರೈವರುಗಳ ಅಭಿಪ್ರಾಯ ಕೇಳಿದ್ದಾರೆ. ಹೆಚ್ಚಿನವರು ಉತ್ತರ ಬರೆಯುವುದಿಲ್ಲ, ಬರೆದು ಏನು ಪ್ರಯೋಜನ ಅನ್ನುತ್ತಾರೆ. ನಾನು ಹೆಂಡತಿಯನ್ನು ಪಕ್ಕ ಕೂರಿಸಿಕೊಂಡು ಎರಡು ಸಂಜೆ ಬರೆದೆ. ಬ್ಯಾಡ್ಜ್ ನಿಯಮ ಇನ್ನೂ ಬಿಗಿ ಮಾಡಿ, ಎಲ್ಲರಿಗೂ ತೋಳಿನ ಪಟ್ಟಿ ನೀವೇ ಕೊಡಿ. ಶೂ ನಿಯಮ ಹಾಗೇ ಇರಲಿ. ಕಾಲರ್ ತೆಗೆಯಿರಿ, ಸ್ವಚ್ಛವಾಗಿರಬೇಕು ಅಂತ ಒಂದು ಮಾತು ಸಾಕು. ಮೊದಲ ಸಲ ತಪ್ಪಿದವರಿಗೆ ಅಂಕ ಹಾಕುವ ಬದಲು ಬಾಯಲ್ಲಿ ಹೇಳಿ.

ಇದರ ಬಗ್ಗೆ ಕೌನ್ಸಿಲ್ ಸಭೆ ಬರುವ ತಿಂಗಳು ಗುರುವಾರ ಸಂಜೆ. ಆ ದಿನದ ಡ್ಯೂಟಿ ಬಿಟ್ಟು ಹೋಗುತ್ತಿದ್ದೇನೆ, ಸಿಖ್ ಗೆಳೆಯನೂ ಜೊತೆಗೆ ಬರುತ್ತೇನೆ ಅಂದಿದ್ದಾನೆ.