ಹೂವಲ್ಲ, ನದಿ: ಶೆಫೀಲ್ಡಿನ ಟೀ ರೂಮಿನಲ್ಲಿ ಪದಬಂಧ

‘ಫ್ಲವರ್ ಆಫ್ ಲಂಡನ್’, ಆರು ಅಕ್ಷರ. ಲಂಡನ್ನಿನ ಹೂವು ಯಾವುದಪ್ಪಾ ಅಂತ ಹುಡುಕುತ್ತಾ ಹೋದರೆ ಸಂಜೆಯಾದರೂ ಸಿಗುವುದಿಲ್ಲ. ಉತ್ತರ ಥೇಮ್ಸ್. ಇಂಗ್ಲಿಷಿನಲ್ಲಿ ಹರಿಯುವುದಕ್ಕೆ ‘ಫ್ಲೋ’ ಅನ್ನುತ್ತಾರೆ, ಹಾಗಾದರೆ ಹರಿಯುವಂಥದ್ದು ‘ಫ್ಲೋ-ಅರ್’. ಬರೆಯುವಾಗ ಅದರ ಸ್ಪೆಲ್ಲಿಂಗೂ ಹೂವಿನ ಸ್ಪೆಲ್ಲಿಂಗೂ ಒಂದೇ. ಕ್ರಿಪ್ಟಿಕ್ ಪದಬಂಧ, ಅಂದರೆ ಸುಳಿವನ್ನೇ ಒಗಟಾಗಿ ಕಟ್ಟಿದ ಪದಬಂಧ, ಬಿಡಿಸುವ ಇಲ್ಲಿಯ ಜನಕ್ಕೆ ಇದು ಹಳಸಿದ ಜೋಕು. ಸುಳಿವಿನಲ್ಲಿ ‘ಫ್ಲವರ್’ ಕಂಡ ಕೂಡಲೇ ಅವರ ತಲೆಗೆ ಬರುವುದು ನದಿಯೇ. ‘ಬ್ಯಾಂಕರ್’ ಅಂದರೂ ನದಿ. ಎರಡು ಬ್ಯಾಂಕ್, ಅಂದರೆ ದಡ, ಇರುತ್ತವಲ್ಲ, ಅದಕ್ಕೆ.

ಇಂಗ್ಲೆಂಡಿನ ಶೆಫೀಲ್ಡಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ನನ್ನ ಕೆಲಸ. ಟೀ ರೂಮಿನ ನೋಟಿಸ್ ಬೋರ್ಡಿಗೆ ಬೆಳಿಗ್ಗೆಯೇ ಯಾರಾದರೂ ಪತ್ರಿಕೆಯ ಪದಬಂಧವನ್ನು ದೊಡ್ಡದಾಗಿ ಜೆರಾಕ್ಸ್ ಮಾಡಿ ಪಿನ್ನು ಹೊಡೆದಿರುತ್ತಾರೆ. ಪಕ್ಕದಲ್ಲೇ ದಾರಕ್ಕೆ ಕಟ್ಟಿದ ಪೆನ್ನು. ಹೋಗುವವರು ಬರುವವರು ಮಗ್ಗು ಹಿಡಿದು ಒಂದು ನಿಮಿಷ ನಿಂತು, ಹೊಳೆದರೆ ತುಂಬಿ ಹೋಗುತ್ತಾರೆ. ಆದರೆ ಉತ್ತರ ಬರೆದುಬಿಟ್ಟರೆ ಮುಗಿಯಲಿಲ್ಲ. ಬಾರ್ನ್ಸ್ಲಿಯಿಂದ ಬರುವ, ನಿವೃತ್ತಿ ಹತ್ತಿರವಾದ ಸಹೋದ್ಯೋಗಿಯೊಬ್ಬರಿದ್ದಾರೆ. “ಉತ್ತರ ಸರಿಯಿದೆ ಲವ್, ಯಾಕೆ ಅಂತ ಹೇಳು” ಅಂತ ಹಿಡಿದು ನಿಲ್ಲಿಸುತ್ತಾರೆ. (ಯಾರ್ಕ್‌ಶೈರಿನಲ್ಲಿ ‘ಲವ್’ ಅಂದರೆ ಗಾಬರಿಯಾಗಬೇಕಿಲ್ಲ. ಬಸ್ ಡ್ರೈವರೂ ಹಾಗೇ ಕರೆಯುತ್ತಾನೆ, ನಮ್ಮ ಕಡೆ ‘ಮರೀ’ ಅಂದ ಹಾಗೆ.) ಯಾಕೆ ಅಂತ ಹೇಳಲಾಗದಿದ್ದರೆ ಉತ್ತರದ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಬೀಳುತ್ತದೆ. ಹಾಗೆ ಬಿದ್ದಿತೆಂದರೆ ಮಧ್ಯಾಹ್ನದ ಟೀಗೆ ಜನ ಸ್ವಲ್ಪ ಬೇಗ ಬರುತ್ತಾರೆ.

ಸಾಮಾನ್ಯ ಪದಬಂಧಕ್ಕೂ ಇದಕ್ಕೂ ವ್ಯತ್ಯಾಸ ಇಷ್ಟೇ. ಇಲ್ಲಿ ಹೆಚ್ಚಿನ ಸುಳಿವುಗಳೊಳಗೆ ಎರಡೆರಡು ಸುಳಿವುಗಳಿರುತ್ತವೆ. ಒಂದು ಉತ್ತರದ ನೇರ ಅರ್ಥ, ಅದು ವಾಕ್ಯದ ಶುರುವಿನಲ್ಲಿರುತ್ತದೆ ಇಲ್ಲವೇ ಕೊನೆಯಲ್ಲಿ. ಉಳಿದದ್ದು ಅದೇ ಉತ್ತರವನ್ನು ಅಕ್ಷರ ಅಕ್ಷರವಾಗಿ ಕಟ್ಟುವ ದಾರಿ. ಎರಡಕ್ಕೂ ಬೆಸುಗೆ ಎಲ್ಲಿ ಬಿದ್ದಿದೆ ಅಂತ ಕಾಣದ ಹಾಗೆ ವಾಕ್ಯ ನುಣ್ಣಗೆ ಓದಿಸಿಕೊಳ್ಳುತ್ತದೆ. ನಾವು ಅರ್ಥ ಹಿಡಿದುಕೊಂಡು ಹೋಗಲಿ ಅನ್ನುವುದೇ ಸುಳಿವು ಕಟ್ಟಿದ ಸೆಟ್ಟರ್‌ನ ಆಸೆ.

ನಾನೇ ಕಟ್ಟಿದ ಒಂದನ್ನು ಬಿಡಿಸಿ ತೋರಿಸುತ್ತೇನೆ. ‘ಮೇಡನ್ಸ್ ಕೈಂಡ್ ಆಫ್ ಡ್ರಿಂಕ್’, ನಾಲ್ಕು ಅಕ್ಷರ. ಓದಿದರೆ ಕನ್ಯೆಯೊಬ್ಬಳಿಗೆ ಒಪ್ಪುವ ಪಾನೀಯ ಅನ್ನಿಸುತ್ತದೆ. ಕನ್ಯೆಯನ್ನು ಬಿಟ್ಟುಬಿಡಿ, ಕ್ರಿಕೆಟ್ ನೆನೆಸಿಕೊಳ್ಳಿ. ರನ್ ಕೊಡದ ಓವರ್ ಮೇಡನ್. ಸ್ಕೋರ್‌ಕಾರ್ಡಿನಲ್ಲಿ ಅದಕ್ಕೆ ಎಂ ಅಕ್ಷರ. ‘ಕೈಂಡ್’ ಅಂದರೆ ಬಗೆ, ಅದಕ್ಕೆ ಇನ್ನೊಂದು ಪದ ‘ಇಲ್ಕ್’. ಎಂ ಜೊತೆ ಇಲ್ಕ್ ಸೇರಿದರೆ ಮಿಲ್ಕ್. ಕೊನೆಯಲ್ಲಿರುವ ‘ಡ್ರಿಂಕ್’ ನೇರ ಅರ್ಥ. ಎರಡು ದಾರಿಯಲ್ಲೂ ಹೋಗಿ ಹಾಲಿಗೇ ಮುಟ್ಟಿದ್ದರಿಂದ ಉತ್ತರ ಸರಿ ಅಂತ ಯಾರನ್ನೂ ಕೇಳಬೇಕಿಲ್ಲ.

‘ಸೈಲೆಂಟ್ ರಯಟ್? ಪೇ ಅಟೆನ್ಷನ್’, ಆರು ಅಕ್ಷರ. ರಯಟ್ ಅಂದರೆ ಗಲಭೆ. ಗಲಭೆ, ಕುಣಿತ, ಕುಡಿತ, ಹುಚ್ಚು, ರಿಪೇರಿ, ಈ ಜಾತಿಯ ಪದ ಕಂಡರೆ ಪಕ್ಕದ ಅಕ್ಷರಗಳನ್ನು ಕಲಸಿ ಅಂತ ಅಪ್ಪಣೆ. ‘ಸೈಲೆಂಟ್’ನ ಆರು ಅಕ್ಷರ ಕಲಸಿದರೆ ‘ಲಿಸನ್’ ಬರುತ್ತದೆ. ‘ಪೇ ಅಟೆನ್ಷನ್’ ಅಂದರೂ ಕಿವಿಗೊಡು ಅಂತಲೇ. ಇನ್ನೊಂದು, ‘ಇಂಡಿಯನ್ ಸ್ಟೇಟ್ ಇನ್ ಲೆಗೊ ಅಟ್ರ್ಯಾಕ್ಷನ್’, ಮೂರು ಅಕ್ಷರ. ಲೆಗೊ ಪದದ ಕೊನೆಯ ಜಿ, ಒ. ಮುಂದಿನ ಪದದ ಮೊದಲ ಎ. ಗೋವಾ ಕಣ್ಣೆದುರೇ ಕೂತಿದೆ, ಎರಡು ಪದದ ನಡುವಿನ ಖಾಲಿ ಜಾಗ ಅದನ್ನು ಮುಚ್ಚಿಟ್ಟಿದೆ ಅಷ್ಟೇ.

ಭಾರತದಿಂದ ಬಂದವರಿಗೆ ಇಲ್ಲಿ ಒಂದಷ್ಟು ಪುಕ್ಕಟೆ ಅಕ್ಷರಗಳು ಸಿಗುತ್ತವೆ. ಸಾರಿ, ರಾಣಿ, ಆಯಾ, ಅಣೆ, ನಾನ್, ದಾಲ್, ರಾಜ್, ಸಾಹಿಬ್ ಎಲ್ಲವೂ ಈ ಚೌಕಗಳಲ್ಲಿ ಇನ್ನೂ ಜೀವಂತ. ಸ್ವರ ಹೆಚ್ಚಿರುವ ಪುಟ್ಟ ಪದಗಳಾದ್ದರಿಂದ ಸೆಟ್ಟರ್‌ಗಳಿಗೆ ಅನುಕೂಲ. ಸಾಮ್ರಾಜ್ಯ ಹೋಗಿ ಇಷ್ಟು ಕಾಲವಾದರೂ ಅದರ ಅಡುಗೆಮನೆ, ಬಟ್ಟೆಬರೆ ಮಾತ್ರ ಪದಬಂಧದಲ್ಲಿ ಉಳಿದುಕೊಂಡಿವೆ. ಕ್ರಿಕೆಟ್ ಅಂತೂ ನಮ್ಮದೇ. ‘ಡಕ್’ ಬಂದರೆ ಸೊನ್ನೆ, ಅಂದರೆ ಒ ಅಕ್ಷರ. ‘ಆನ್’ ಬಂದರೆ ಲೆಗ್. ಲ್ಯಾಬಿನ ಪೋಲಿಷ್ ಹುಡುಗಿಗೆ ಇದನ್ನೆಲ್ಲ ವಿವರಿಸಲು ಹೋಗಿ ಬಾರ್ನ್ಸ್ಲಿಯ ಹಿರಿಯಾಕೆ ಸೋತು, ಈಗ ಕ್ರಿಕೆಟ್ ಸುಳಿವುಗಳನ್ನೆಲ್ಲ ನನ್ನ ಕಡೆ ತಳ್ಳಿದ್ದಾರೆ. ಹಡಗಿನವನಿಗೆ ಟಾರ್, ಚರ್ಚಿಗೆ ಸಿ.ಇ. (ಚರ್ಚ್ ಆಫ್ ಇಂಗ್ಲೆಂಡ್), ಲಂಡನ್ನಿನ ಸಿಟಿಗೆ ಅದರ ಪಿನ್‌ಕೋಡಿನ ಇ.ಸಿ., ಇಂಥವನ್ನು ಮಾತ್ರ ನಾವು ಬಾಯಿಪಾಠ ಮಾಡಬೇಕು.

ಇಂಗ್ಲಿಷ್ ಚೆನ್ನಾಗಿ ಬಂದರೆ ಮಾತ್ರ ಇದು ಸಾಧ್ಯ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಇಂಗ್ಲಿಷ್ ಹಾಲಿನ ಜೊತೆಗೇ ಬಂದವರು ವಾಕ್ಯ ಓದಿದ ಕೂಡಲೇ ಅರ್ಥಕ್ಕೆ ಜಾರಿಬಿಡುತ್ತಾರೆ. ಕನ್ನಡ ಮಾಧ್ಯಮದಲ್ಲಿ ಐದನೇ ಕ್ಲಾಸಿನಿಂದ ಎಬಿಸಿಡಿ ಶುರು ಮಾಡಿ, ಸ್ಪೆಲ್ಲಿಂಗುಗಳನ್ನು ಮಗ್ಗಿಯ ರಾಗದಲ್ಲಿ ಕೂಗಿ ಕಲಿತವರಿಗೆ ಪದ ಅಂದರೆ ಮೊದಲು ಅಕ್ಷರಗಳ ಸಾಲು. ‘ನೈಫ್’ನಲ್ಲಿ ಕೆ ಯಾಕೆ ಸುಮ್ಮನೆ ಕೂತಿದೆ ಅಂತ ಮೇಷ್ಟ್ರನ್ನು ಕೇಳಿ ಬೈಸಿಕೊಂಡ ತಲೆಮಾರು ನಮ್ಮದು. ಪದಬಂಧ ಬಿಡಿಸಲು ಬೇಕಾದ್ದು ಆ ಕಣ್ಣೇ. ಎರಡು ಪದದ ನಡುವಿನ ಗೋವಾ ನನಗೆ ಬೇಗ ಕಾಣುತ್ತದೆ.

ಕಷ್ಟ ಬರುವುದು ಕಿವಿಯ ವಿಷಯದಲ್ಲಿ. ‘ನ್ಯಾಬ್ಡ್ ಬೈ ಕೋರ್ಟ್, ವಿ ಹಿಯರ್’, ಆರು ಅಕ್ಷರ. ‘ವಿ ಹಿಯರ್’ ಅಂದರೆ ಪಕ್ಕದ ಪದವನ್ನು ಬಾಯಲ್ಲಿ ಹೇಳಿ ನೋಡು ಅಂತ. ಇಂಗ್ಲೆಂಡಿನ ಬಹುಪಾಲು ಜನ ‘ಕೋರ್ಟ್’ನ ರ್ ನುಂಗುವುದರಿಂದ ಅದು ಹಿಡಿದದ್ದು ಅನ್ನುವ ‘ಕಾಟ್’ನ ಹಾಗೇ ಕೇಳಿಸುತ್ತದೆ, ಉತ್ತರವೂ ಅದೇ. ನಮ್ಮ ಬಾಯಲ್ಲಿ ಕೋರ್ಟಿಗೂ ಕಾಟಿಗೂ ಎಲ್ಲಿಯ ಸಂಬಂಧ? ಈ ವಿಷಯದಲ್ಲಿ ನನಗೆ ಸಿಕ್ಕ ಮಿತ್ರ ಗ್ಲಾಸ್ಗೋದ ಹುಡುಗ. ಸ್ಕಾಟ್ಲೆಂಡಿನವರೂ ರ್ ಬಿಡುವುದಿಲ್ಲ. ಇಂಥ ಸುಳಿವು ಬಂದ ದಿನ ಅವನು ಬೋರ್ಡಿನ ಮುಂದೆ ನಿಂತು ‘ಕೋರ್‌ರ್‌ರ್ಟ್’ ಅಂತ ನಾಲಗೆ ಹೊರಳಿಸಿ ಪ್ರತಿಭಟನೆ ಮಾಡುತ್ತಾನೆ. ನಾನು ಜೊತೆಗೆ ನಿಲ್ಲುತ್ತೇನೆ.

ಈ ಆಟ ಇಂಗ್ಲೆಂಡಿನದ್ದೇ ಅಂತ ಇಲ್ಲಿಯವರ ನಂಬಿಕೆ, ಆದರೆ ಮೊದಲ ಪದಬಂಧ ಅಚ್ಚಾದದ್ದು ಅಮೆರಿಕದಲ್ಲಿ, 1913ರ ಡಿಸೆಂಬರ್ 21ರ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ. ಅದನ್ನು ಕಟ್ಟಿದ ಆರ್ಥರ್ ವಿನ್ ಮಾತ್ರ ಲಿವರ್‌ಪೂಲಿನಲ್ಲಿ ಹುಟ್ಟಿದವನು. ಅದು ಸಮುದ್ರ ದಾಟಿ ಇಲ್ಲಿಗೆ ಬಂದಮೇಲೆ ಸೊಟ್ಟಗಾಯಿತು. 1926ರಿಂದ ‘ಅಬ್ಸರ್ವರ್’ ಎಂಬ ಭಾನುವಾರದ ಪತ್ರಿಕೆಗೆ ಪದಬಂಧ ಕಟ್ಟಿದ ಎಡ್ವರ್ಡ್ ಪೊವಿಸ್ ಮ್ಯಾಥರ್ಸ್ ತನಗಿಟ್ಟುಕೊಂಡ ಹೆಸರು ಟಾರ್ಕೆಮಾಡ. ಚರ್ಚಿನ ಮಾತು ಮೀರಿದವರನ್ನು ಹಿಡಿದು ಶಿಕ್ಷಿಸುತ್ತಿದ್ದ ಸ್ಪೇನಿನ ಧರ್ಮವಿಚಾರಣೆಯಲ್ಲಿ ಜನರಿಗೆ ಚಿತ್ರಹಿಂಸೆ ಕೊಡಿಸಿದವನ ಹೆಸರು ಅದು. ಅವನ ಜಾಗಕ್ಕೆ ಬಂದವನು ಕ್ಸಿಮೆನೆಸ್ ಆದ, ಅವನೂ ಧರ್ಮವಿಚಾರಕನೇ. 1972ರಿಂದ ದಶಕಗಟ್ಟಲೆ ಬರೆದವರ ಹೆಸರು ಅಝೆಡ್. ‘ಡೆಝಾ’ ಎಂಬ ಇನ್ನೊಬ್ಬ ವಿಚಾರಕನ ಹೆಸರನ್ನು ತಿರುಗಿಸಿ ಬರೆದದ್ದು. ಭಾನುವಾರ ಬೆಳಿಗ್ಗೆ ಓದುಗರನ್ನು ಹಿಂಸಿಸುವವರು ಕನಿಷ್ಠ ಮುಚ್ಚುಮರೆ ಇಲ್ಲದೆ ಹಿಂಸಿಸುತ್ತಾರೆ.

ಹಿಂಸೆಗೂ ಒಂದು ಧರ್ಮವಿದೆ. ಆಫ್ರಿಟ್ ಎಂಬ ಹೆಸರಿನ ಸೆಟ್ಟರ್ ಹಾಕಿಕೊಟ್ಟ ನಿಯಮ ಹೀಗೆ: ನಾನು ಹೇಳಿದ್ದೇ ನನ್ನ ಅರ್ಥವಾಗಬೇಕಿಲ್ಲ, ಆದರೆ ನನ್ನ ಅರ್ಥವನ್ನು ನಾನು ಹೇಳಿರಲೇಬೇಕು. ಕಚೇರಿಯಲ್ಲಿ ‘ಇಂಟರೆಸ್ಟಿಂಗ್’ ಅಂದರೆ ಹೊಗಳಿದರೋ ತೆಗಳಿದರೋ ಅಂತ ನನಗೆ ಈಗಲೂ ತಿಳಿಯುವುದಿಲ್ಲ, ಕೇಳಿದರೂ ಹೇಳುವವರಿಲ್ಲ. ಪದಬಂಧದಲ್ಲಿ ಹಾಗಿಲ್ಲ. ಎಷ್ಟೇ ಸುತ್ತಿ ಬಳಸಿ ಹೇಳಿದರೂ ಕೊನೆಗೆ ಪ್ರತಿ ಪದವೂ ಲೆಕ್ಕ ಕೊಡಬೇಕು. ಹೊರಗಿನಿಂದ ಬಂದವನಿಗೆ ಈ ದೇಶದಲ್ಲಿ ಇಷ್ಟು ನ್ಯಾಯವಾದ ಮಾತುಕತೆ ಬೇರೆಲ್ಲೂ ಸಿಗಲಿಕ್ಕಿಲ್ಲ.

ಪದಬಂಧಕ್ಕೆ ಇಲ್ಲಿ ಎರಡನೇ ಮಹಾಯುದ್ಧದ ಕಥೆಗಳೂ ಅಂಟಿಕೊಂಡಿವೆ. 1942ರ ಜನವರಿಯಲ್ಲಿ ‘ಡೈಲಿ ಟೆಲಿಗ್ರಾಫ್’ 12 ನಿಮಿಷದೊಳಗೆ ಬಿಡಿಸುವ ಸ್ಪರ್ಧೆ ಇಟ್ಟಿತು. ಭಾಗವಹಿಸಿದ ಕೆಲವರಿಗೆ ಆಮೇಲೆ ಬ್ಲೆಚ್ಲಿ ಪಾರ್ಕಿನ ಗುಪ್ತಲಿಪಿ ಕೆಲಸಕ್ಕೆ ಕರೆ ಬಂತು. 1944ರಲ್ಲಿ, ಫ್ರಾನ್ಸಿನ ನಾರ್ಮಂಡಿಗೆ ಮಿತ್ರರಾಷ್ಟ್ರಗಳ ಸೈನ್ಯ ಇಳಿಯುವ ಮುಂಚಿನ ವಾರಗಳಲ್ಲಿ, ಅದೇ ಪತ್ರಿಕೆಯ ಉತ್ತರಗಳಲ್ಲಿ ಯೂಟಾ, ಒಮಾಹಾ, ಓವರ್‌ಲಾರ್ಡ್, ಮಲ್ಬರಿ, ನೆಪ್ಚೂನ್ ಎಂಬ, ಆ ದಾಳಿಗೆ ಇಟ್ಟ ರಹಸ್ಯ ಪದಗಳು ಒಂದೊಂದಾಗಿ ಕಾಣಿಸಿಕೊಂಡು, ಸೆಟ್ಟರ್ ಲಿಯೊನಾರ್ಡ್ ಡಾ ಎಂಬ ಹೆಡ್‌ಮಾಸ್ಟರರನ್ನು ಗುಪ್ತಚರರು ವಿಚಾರಿಸಿದರು.

ನನಗೆ ಇವೆಲ್ಲಕ್ಕಿಂತ ಹತ್ತಿರವಾದದ್ದು ಅರೌಕೇರಿಯಾ ವಿಷಯ. ‘ಗಾರ್ಡಿಯನ್’ ಪತ್ರಿಕೆಗೆ ದಶಕಗಟ್ಟಲೆ ಪದಬಂಧ ಕಟ್ಟಿದ ಪಾದ್ರಿ ಜಾನ್ ಗ್ರಹಾಂ ಅವರ ಕಾವ್ಯನಾಮ ಅದು, ಮಂಕಿ ಪಝಲ್ ಎಂಬ ಮರದ ಸಸ್ಯಶಾಸ್ತ್ರದ ಹೆಸರು. 2013ರ ಜನವರಿಯ ಒಂದು ಪದಬಂಧದ ಮೇಲೆ ಚಿಕ್ಕ ಒಕ್ಕಣೆಯಿತ್ತು: ಅರೌಕೇರಿಯಾಗೆ 19ರಲ್ಲಿ 18 ಆಗಿದೆ, ಅದಕ್ಕೆ 13 15 ನಡೆದಿದೆ. ಚೌಕ ತುಂಬುತ್ತಾ ಹೋದ ಓದುಗರಿಗೆ 18ರಲ್ಲಿ ‘ಕ್ಯಾನ್ಸರ್’ ಸಿಕ್ಕಿತು, 19ರಲ್ಲಿ ಅನ್ನನಾಳ. 13 ಮತ್ತು 15 ಸೇರಿಸಿದರೆ ‘ಪ್ಯಾಲಿಯೇಟಿವ್ ಕೇರ್’, ಗುಣವಾಗದ ಕಾಯಿಲೆಯವರಿಗೆ ಕೊಡುವ ಆರೈಕೆ. 91ರ ವಯಸ್ಸಿನಲ್ಲಿ ಆತ ತನ್ನ ಸುದ್ದಿಯನ್ನು ಅಳುಮುಂಜಿ ಪತ್ರ ಬರೆಯದೆ, ತನ್ನವರಿಗೆ ತಿಳಿಯುವ ಭಾಷೆಯಲ್ಲಿ ಹೇಳಿದರು. ಆ ವರ್ಷದ ನವೆಂಬರಿನಲ್ಲಿ ತೀರಿಕೊಂಡರು. ಬಾರ್ನ್ಸ್ಲಿಯ ಹಿರಿಯಾಕೆ ಆ ಪದಬಂಧವನ್ನು ಕತ್ತರಿಸಿ ಇಟ್ಟುಕೊಂಡಿದ್ದಾರೆ. ಒಮ್ಮೆ ತಂದು ತೋರಿಸಿದರು, ಅದನ್ನು ಮಾತ್ರ ವಿವರಿಸು ಅಂತ ಯಾರಿಗೂ ಹೇಳಲಿಲ್ಲ.

ಬೆಂಗಳೂರಿನಲ್ಲಿ ‘ದಿ ಹಿಂದೂ’ ಪದಬಂಧ ಬಿಡಿಸುವವರಿಗೆ ಇದೆಲ್ಲ ಗೊತ್ತಿರುವ ವರಸೆಯೇ. ಬೆಡಗಿನ ವಚನ, ಕನಕದಾಸರ ಮುಂಡಿಗೆ ಓದಿದವರಿಗೂ ಗೂಢವಾಗಿ ಹೇಳುವುದು ಹೊಸದಲ್ಲ. ಆದರೆ ಮುಂಡಿಗೆಗೆ ಇಬ್ಬರು ಪಂಡಿತರು ಮೂರು ಅರ್ಥ ಹೇಳಬಹುದು, ಇಲ್ಲಿ ಉತ್ತರ ಒಂದೇ.

ಕನ್ನಡದಲ್ಲಿ ಕ್ರಿಪ್ಟಿಕ್ ಕಟ್ಟಿದರೆ ಹೇಗಿರುತ್ತದೆ ಅಂತ ರಾತ್ರಿ ಪಾಳಿಯಲ್ಲಿ ಮಷೀನು ತಿರುಗುವಾಗ ಪ್ರಯತ್ನಿಸುತ್ತಿರುತ್ತೇನೆ. ಅಕ್ಷರ ಕಲಸುವ ಆಟ ನಮ್ಮಲ್ಲಿ ಅಷ್ಟು ಸುಲಭವಲ್ಲ. ಸ್ವರ ವ್ಯಂಜನಕ್ಕೆ ಅಂಟಿಕೊಂಡೇ ಇರುವುದರಿಂದ ಕಾಗುಣಿತ ಒಡೆಯುವುದಿಲ್ಲ, ಮೂರು ಅಕ್ಷರ ಎಷ್ಟು ಕಲಸಿದರೂ ಹೊಸ ಪದ ಅಪರೂಪ. ತಿರುಗಿಸುವುದು, ಬಚ್ಚಿಡುವುದು ಮಾತ್ರ ಸೊಗಸಾಗಿ ಕೂರುತ್ತವೆ. ‘ಸೀತೆಯ ಅಪ್ಪ ತಿರುಗಿ ಬಂದರೆ ಧಾನ್ಯ ತುಂಬುವ ಜಾಗ’, ಮೂರು ಅಕ್ಷರ: ಜನಕ ತಿರುಗಿ ಕನಜ. ‘ಬೆಂಗಳೂರು ಮಾಲುಗಳ ಒಳಗೆ ತಲೆಗೆ ಸುತ್ತುವ ಬಟ್ಟೆ’, ಇದಕ್ಕೂ ಮೂರು. ಊರಿನ ಹೆಸರಿನ ಕೊನೆಯ ರು ಹಿಡಿದು ಮುಂದಿನೆರಡು ಅಕ್ಷರ ಓದಿ, ರುಮಾಲು ಸಿಗುತ್ತದೆ. ಇದು ಹೊಳೆದ ದಿನ ಕನ್ನಡ ಬಾರದ ಗ್ಲಾಸ್ಗೋದ ಹುಡುಗನಿಗೇ ಕೂರಿಸಿಕೊಂಡು ವಿವರಿಸಿದೆ, ಬೇರೆ ಯಾರೂ ಸಿಗಲಿಲ್ಲ. ಪಾಪ, ತಲೆಯಾಡಿಸಿದ.

ಇನ್ನೊಂದಿದೆ, ಅದನ್ನು ನಿಮಗೇ ಬಿಡುತ್ತೇನೆ. ‘ಒಡಲಿಗೊಂದು ಛಾವಣಿ ಸಿಕ್ಕ ಊರು’, ಮೂರು ಅಕ್ಷರ. ಉತ್ತರ ಬರೆದು ಕಳಿಸುವವರು ಯಾಕೆ ಅಂತಲೂ ಬರೆಯಬೇಕು.